ಮೀನು ಆಮೇಲೆ, ಮೊದಲು ನಲ್ಲಿ ನೀರು

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತ ಫೋನ್ ಮಾಡುವವರು ಮೊದಲು ಕೇಳುವುದು ಮೀನಿನ ರೇಟು. ನಾನು ತಿರುಗಿ ಕೇಳುವುದು, "ಸಾರ್, ನಿಮ್ಮನೇಲಿ ಕಾವೇರಿನಾ, ಬೋರಾ, ಟ್ಯಾಂಕರಾ?" ಹೇಗೂ ಉಪ್ಪು ಕದಡುವ ನೀರು, ಯಾವುದಾದರೇನು ಅಂತ ಅವರಿಗೆ ಅನಿಸುತ್ತದೆ. ಬೆಂಗಳೂರಿನಲ್ಲಿ ನಾನು ನೋಡಿದ ಹಾಳಾದ ಟ್ಯಾಂಕುಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಅಲ್ಲೇ.

ಬೋರ್ ನೀರಿನಲ್ಲಿ ಕರಗಿದ ಲವಣದ ಜೊತೆಗೆ ನೈಟ್ರೇಟ್, ಸಿಲಿಕಾ ಇರುತ್ತವೆ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ನನ್ನ ಟಿಡಿಎಸ್ ಮೀಟರಿನಲ್ಲಿ 500, 800, ಕೆಲವು ಬಡಾವಣೆಗಳಲ್ಲಿ ಸಾವಿರದ ಮೇಲೂ ಬಂದಿದೆ. ಕಾವೇರಿ ವಾಸಿ, ಆದರೆ ಅದರಲ್ಲಿ ಕ್ಲೋರಿನ್ ಇದೆ. ಟ್ಯಾಂಕರ್ ನೀರಿನದು ಈ ವಾರ ಒಂದು ಗುಣ, ಮುಂದಿನ ವಾರ ಇನ್ನೊಂದು. ಹಾಗಾಗಿ ಆರ್‌ಒ ಜೊತೆಗೆ ಡಿಐ ರೆಸಿನ್ (ಆರ್‌ಒ ದಾಟಿ ಬಂದ ಲವಣವನ್ನೂ ಹೀರಿಕೊಳ್ಳುವ ಸಣ್ಣ ಮಣಿಗಳು) ಇರುವ ಫಿಲ್ಟರ್ ಬೇಕು, ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಸಾಲುವುದಿಲ್ಲ. ಕುಡಿಯಲು ರುಚಿ ಇರಲಿ ಅಂತ ಅದರಲ್ಲಿ ಒಂದಿಷ್ಟು ಖನಿಜ ಉಳಿಸಿಯೋ ಸೇರಿಸಿಯೋ ಬಿಡುತ್ತಾರೆ. ಫಿಲ್ಟರಿನಿಂದ ಹೊರಹೋಗುವ ನೀರು ಬಕೆಟ್‌ಗಟ್ಟಲೆ ಆಗುತ್ತದೆ. ಅದನ್ನು ಮೋರಿಗೆ ಬಿಡಬೇಡಿ, ನೆಲ ಒರೆಸಲು, ಟಾಯ್ಲೆಟ್ಟಿಗೆ ಬಳಸಿ. 2024ರ ಬೇಸಿಗೆಯ ನೀರಿನ ಬರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಮರೈನ್ ಸಾಲ್ಟ್. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸಮುದ್ರದ ಪ್ರಮಾಣದಲ್ಲೇ ಇರುತ್ತವೆ. ಲೀಟರಿಗೆ ಸುಮಾರು 35 ಗ್ರಾಂ, 200 ಲೀಟರಿಗೆ 7 ಕೆಜಿ. ಮೊದಲು ನೀರು, ಆಮೇಲೆ ಸ್ವಲ್ಪಸ್ವಲ್ಪವೇ ಉಪ್ಪು. ಉಪ್ಪು ಸುರಿದು ಮೇಲೆ ನೀರು ಹಾಕಿದರೆ ತಳದಲ್ಲಿ ಸುಣ್ಣದಂತೆ ಬೆಳ್ಳಗೆ ಕೂರುತ್ತದೆ. "ಮಲ್ಪೆಯಿಂದ ಕ್ಯಾನಲ್ಲಿ ಸಮುದ್ರದ ನೀರೇ ತಂದರಾಗಲ್ವಾ?" ಅಂತ ಕರಾವಳಿ ಕಡೆಯವರು ಕೇಳುತ್ತಾರೆ. ದಡದ ನೀರಿಗೆ ಮಳೆಗಾಲದಲ್ಲಿ ಹೊಳೆ ಸೇರಿ ಉಪ್ಪು ಇಳಿದಿರುತ್ತದೆ, ಬಂದರಿನ ಡೀಸೆಲ್ಲೂ ಬೆರೆತಿರುತ್ತದೆ. ಬೇಡ.

ಟ್ಯಾಂಕ್ 200 ಲೀಟರಿಗಿಂತ ಚಿಕ್ಕದು ಬೇಡ. ಚಿಕ್ಕದು ಸುಲಭ ಅನಿಸುತ್ತದೆ, ಆದರೆ ಅದರಲ್ಲಿ ತಪ್ಪು ತಡೆದುಕೊಳ್ಳುವಷ್ಟು ನೀರೇ ಇರುವುದಿಲ್ಲ. ಕಲ್ಲು, ಮರಳು, ಸ್ಟ್ಯಾಂಡ್ ಸೇರಿ 300 ಕೆಜಿ ಹತ್ತಿರ ಹೋಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹಾಲ್ ನಡುವೆ ಇಡದೆ ತೊಲೆ ಇರುವ ಗೋಡೆಗೆ ಒತ್ತಿ ಇಡಿ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಅಲೆ ಎಬ್ಬಿಸುವ ಪಂಪು, ಹೀಟರ್ ಬೇಕೇಬೇಕು. ಬೆಂಗಳೂರಲ್ಲಿ ಹೀಟರ್ ಯಾಕೆ ಅನ್ನುವವರು ಡಿಸೆಂಬರ್ ರಾತ್ರಿ ನೀರಿಗೆ ಥರ್ಮಾಮೀಟರ್ ಹಾಕಿ ನೋಡಲಿ. 25-26 ಡಿಗ್ರಿ ನಿಲ್ಲಬೇಕು. ಏಪ್ರಿಲ್‌ನಲ್ಲಿ ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ನೀರು ತಣಿಸುವ ಚಿಲ್ಲರ್ ಯಂತ್ರ ಎಲ್ಲರಿಗೂ ಬೇಕಾಗುವುದಿಲ್ಲ. ಕರೆಂಟ್ ಹೋದಾಗ ಒಂದು ಪಂಪಾದರೂ ಯುಪಿಎಸ್ ಮೇಲೆ ತಿರುಗುತ್ತಿರಲಿ. ಅಂದಹಾಗೆ, ಆಯುಧಪೂಜೆ ದಿನ ಅರಿಶಿನ-ಕುಂಕುಮ ಸ್ಟ್ಯಾಂಡಿಗೆ ಹಚ್ಚಿ, ಪಂಪಿಗೆ ಬೇಡ. ಸೊಳ್ಳೆ ಸ್ಪ್ರೇಯಂತೂ ಆ ರೂಮಿನಲ್ಲೇ ಬೇಡ.

ಇನ್ನು ಜನ ಸೋಲುವ ಘಟ್ಟ. ನೀರು ತಿಳಿಯಾಗಿದೆ, ಲೈಟು ಉರಿಯುತ್ತಿದೆ, ಒಳಗೆ ಬರೀ ಕಲ್ಲು. "ಮೂರು ವಾರ ಆಯ್ತಲ್ಲ ಸಾರ್, ನೆಂಟರು ಬಂದೋರು ಮೀನೆಲ್ಲಿ ಅಂತಾರೆ." ಮೀನಿನ ಮಲ, ಮಿಕ್ಕ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವು ಕಲ್ಲು-ಮರಳಿನಲ್ಲಿ ನೆಲೆ ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರಿನ ಪಿಎಚ್ 8.2ರ ಸುತ್ತ. ಪಿಎಚ್ ಏರಿದಷ್ಟೂ ಅಮೋನಿಯದ ವಿಷ ಹೆಚ್ಚು, ಆದ್ದರಿಂದ ಗೋಲ್ಡ್‌ಫಿಷ್ ಟ್ಯಾಂಕಿನಲ್ಲಿ ದಕ್ಕಿಸಿಕೊಂಡ ಆತುರ ಇಲ್ಲಿ ದಕ್ಕುವುದಿಲ್ಲ. ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ. ಅಮೋನಿಯ ಏರಿ ಇಳಿಯುತ್ತದೆ, ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಕಂಡಾಗ ಕಾಲುಭಾಗ ನೀರು ಬದಲಿಸಿ.

ಕೆಲವು ಅಂಗಡಿಯವರು "ಅಲ್ಲಿವರೆಗೆ ಎರಡು ಡ್ಯಾಮ್ಸೆಲ್ ಬಿಡಿ, ಗಟ್ಟಿ ಮೀನು" ಅನ್ನುತ್ತಾರೆ. ನನಗೆ ಈ ಪದ್ಧತಿ ಸೇರುವುದಿಲ್ಲ. ಅದು ಸತ್ತರೆ ಪಾಪ, ಬದುಕಿದರೆ ಪೀಡೆ. ಟ್ಯಾಂಕ್ ತನ್ನದೇ ಅಂತ ನಂತರ ಬಂದ ಮೀನನ್ನೆಲ್ಲ ಅಟ್ಟಾಡಿಸುತ್ತದೆ. ಹಿಡಿಯಬೇಕೆಂದರೆ ಜೋಡಿಸಿದ ಕಲ್ಲೆಲ್ಲ ಕೀಳಬೇಕು. ಕಿತ್ತಿದ್ದೇನೆ.

ಮೊದಲ ಮೀನಾಗಿ ಫಾರಂನಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ ಸಾಕು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು ಇವುಗಳ ಮರಿ ಮಾಡುವ ವಿಧಾನ ರೂಢಿಸಿದ್ದಾರೆ. ಇವು ಸಮುದ್ರದಿಂದ ಹಿಡಿದದ್ದಕ್ಕಿಂತ ಬೇಗ ಕಾಳು ತಿನ್ನುತ್ತವೆ. ನಮ್ಮ ಸಮುದ್ರದ ಹವಳ, ಕಡಲ ಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಮೆಲ್ಲಗೆ ಪಿಸುಗುಟ್ಟಿ ಕೊಡಲು ಬಂದರೆ ಕೈ ಮುಗಿದು ಬನ್ನಿ.

ಆದರೂ ಒಂದು ಟ್ಯಾಂಕ್ ನೆನಪಾಗುತ್ತದೆ. ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರು ಎಲ್ಲ ಹೇಳಿದಂತೆ ಮಾಡಿದ್ದರು. ಮಾರ್ಚ್ ಬಿಸಿಲಿಗೆ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತಿತ್ತು, ಅಷ್ಟೇ ಉಪ್ಪುನೀರು ಕದಡಿ ಸುರಿಯುತ್ತಿದ್ದರು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಇಪ್ಪತ್ತು ದಿನಕ್ಕೆ 1.4 ಕೆಜಿ ಉಪ್ಪು ಹೆಚ್ಚಾಗಿ, 1.025 ಇರಬೇಕಾದ ಸಾಂದ್ರತೆ (ಸಿಹಿನೀರಿನದು 1 ಅಂತ ಲೆಕ್ಕ) 1.032ಕ್ಕೆ ಹೋಗಿತ್ತು. ಸೀಗಡಿಗಳು ಉಳಿದಿರಲಿಲ್ಲ, ಮೀನುಗಳು ಮೂಲೆ ಹಿಡಿದಿದ್ದವು. ಒಮ್ಮೆಗೇ ಇಳಿಸಿದರೆ ಅವೂ ಹೋಗುತ್ತವೆಂದು ದಿನಕ್ಕೆ 0.001ರಂತೆ ವಾರ ಪೂರ್ತಿ ಇಳಿಸಿದೆವು. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಟ್ಟೆ, ಬೆಳಿಗ್ಗೆ ಆ ಗೆರೆ ತನಕ ಬರೀ ಆರ್‌ಒ ನೀರು. ಈಗ ತಾನಾಗಿ ನೀರು ತುಂಬುವ ಯಂತ್ರ ಹಾಕಿಸಿದ್ದಾರೆ, ಗೆರೆಯನ್ನು ಮಾತ್ರ ಅಳಿಸಲು ಬಿಟ್ಟಿಲ್ಲ.