ಈದ್‌ನ ಖುಷಿಗೂ ನಿಯಮ ಇದೆ: ರಂಜಾನ್, ಬಕ್ರೀದ್ ಕುರಿತ ಓದಿನ ಟಿಪ್ಪಣಿ

ಪರೀಕ್ಷೆಗಾಗಿ ಮುಸ್ಲಿಂ ಹಬ್ಬಗಳ ಬಗ್ಗೆ ನೋಟ್ಸ್ ಮಾಡುವಾಗ ನಾವೆಲ್ಲ ಉಪವಾಸ, ನಮಾಜು, ಕುರ್ಬಾನಿ (ಪ್ರಾಣಿ ಬಲಿ) ಅಂತ ವಿವರವಾಗಿ ಬರೆಯುತ್ತೇವೆ. ಸಂಭ್ರಮದ ಭಾಗಕ್ಕೆ ಬಂದಾಗ ‘ಹೊಸ ಬಟ್ಟೆ ತೊಟ್ಟು, ಬಿರಿಯಾನಿ ಉಂಡು ಸಂತೋಷಪಡುತ್ತಾರೆ’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಆದರೆ ಓದುತ್ತಾ ಹೋದರೆ ಸ್ವಾರಸ್ಯ ಇರುವುದು ಅಲ್ಲೇ. ಈ ಹಬ್ಬಗಳಲ್ಲಿ ಖುಷಿಪಡುವುದನ್ನು ಅವರವರ ಇಷ್ಟಕ್ಕೆ ಬಿಟ್ಟಿಲ್ಲ. ಯಾವಾಗ ಉಣ್ಣಬೇಕು, ಉಣ್ಣುವ ಮೊದಲು ಯಾರಿಗೆ ಕೊಡಬೇಕು, ಯಾವ ದಿನ ಉಪವಾಸ ಮಾಡಲೇಬಾರದು, ಎಲ್ಲಕ್ಕೂ ಕಟ್ಟಳೆ ಇದೆ. ಈ ಟಿಪ್ಪಣಿ ಪೂರ್ತಿ ಅದರ ಸುತ್ತಲೇ.

ಶುರು ಎಲ್ಲಿಂದ?

ಪ್ರವಾದಿ ಮುಹಮ್ಮದರು ಮದೀನಾಕ್ಕೆ ಬಂದಾಗ ಅಲ್ಲಿನ ಜನ ವರ್ಷಕ್ಕೆ ಎರಡು ದಿನ ಆಟ ಆಡಿಕೊಂಡು ಹಬ್ಬ ಮಾಡುತ್ತಿದ್ದರಂತೆ. ಆ ಎರಡರ ಬದಲಿಗೆ ಇನ್ನೂ ಒಳ್ಳೆಯ ಎರಡು ದಿನಗಳನ್ನು ಅಲ್ಲಾಹನು ಕೊಟ್ಟಿದ್ದಾನೆ ಅಂತ ಪ್ರವಾದಿ ಹೇಳಿದರು. ಇದು ಪ್ರವಾದಿಯ ಒಡನಾಡಿ ಅನಸ್ ಅವರು ಹೇಳಿದ ಹದೀಸ್ (ಪ್ರವಾದಿಯ ನಡೆನುಡಿಯ ವರದಿ), ಅಬೂ ದಾವೂದ್ ಸಂಗ್ರಹದಲ್ಲಿದೆ. ಆ ಎರಡು ದಿನಗಳೇ ಈದುಲ್ ಫಿತ್ರ್ ಮತ್ತು ಈದುಲ್ ಅದ್‌ಹಾ, ನಾವು ರಂಜಾನ್ ಹಬ್ಬ, ಬಕ್ರೀದ್ ಅನ್ನುವುದು. ಗಮನಿಸಿ, ಹಳೆಯ ಹಬ್ಬ ಬೇಡ, ಸುಮ್ನೆ ಇರಿ ಅನ್ನಲಿಲ್ಲ. ಹಬ್ಬ ಬೇಕು ಅನ್ನುವುದನ್ನು ಒಪ್ಪಿಕೊಂಡೇ ದಿನ ಬದಲಾಯಿಸಿದರು.

ಇನ್ನೊಂದು ಹದೀಸ್ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಬುಖಾರಿ ಸಂಗ್ರಹದಲ್ಲಿ ಬರುತ್ತದೆ. ಈದ್ ದಿನ ಪ್ರವಾದಿಯ ಪತ್ನಿ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಆಯಿಷಾರ ತಂದೆ ಅಬೂಬಕ್ಕರ್ ಬಂದು ‘ಪ್ರವಾದಿಯ ಮನೆಯಲ್ಲಿ ಇದೇನಿದು’ ಅಂತ ಗದರಿದರು. ಆಗ ಪ್ರವಾದಿ ಹೇಳಿದ್ದು: ಬಿಡಿ ಅವರನ್ನು, ಪ್ರತಿ ಜನಾಂಗಕ್ಕೂ ಒಂದು ಹಬ್ಬ ಇದೆ, ಇದು ನಮ್ಮ ಹಬ್ಬ. ಅಂಥದೇ ಒಂದು ಈದ್ ದಿನ ಅಬಿಸೀನಿಯಾದವರು (ಈಗಿನ ಇಥಿಯೋಪಿಯಾ ಕಡೆಯವರು) ಮಸೀದಿಯಲ್ಲೇ ಈಟಿ, ಗುರಾಣಿ ಹಿಡಿದು ಆಟ ಆಡಿದರು. ಆಯಿಷಾ ಪ್ರವಾದಿಯ ಹಿಂದೆ ನಿಂತು, ತಮಗೆ ಸಾಕೆನಿಸುವ ತನಕ ನೋಡಿದರು. ಇಸ್ಲಾಮಿನಲ್ಲಿ ಮನರಂಜನೆಗೆ ಎಷ್ಟು ಜಾಗ ಅನ್ನುವ ಚರ್ಚೆ ಬಂದಾಗ ವಿದ್ವಾಂಸರು ಮತ್ತೆ ಮತ್ತೆ ಎತ್ತಿಕೊಳ್ಳುವ ಪ್ರಸಂಗಗಳು ಇವು. ಎಷ್ಟು, ಎಲ್ಲಿಯವರೆಗೆ ಅನ್ನುವುದರಲ್ಲಿ ಜಗಳ ಇದೆ. ಈದ್ ದಿನ ಗಂಟುಮುಖ ಹಾಕಿಕೊಂಡು ಕೂರಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಎರಡು ಈದ್‌ಗಳ ದಿನ ಉಪವಾಸ ಮಾಡುವುದು ನಿಷಿದ್ಧ. ಬಕ್ರೀದ್ ಆದ ಮೇಲಿನ ಮೂರು ದಿನಗಳೂ ತಿನ್ನುವ, ಕುಡಿಯುವ, ದೇವರನ್ನು ನೆನೆಯುವ ದಿನಗಳು ಅಂತಲೇ ಹದೀಸ್ ಹೇಳುತ್ತದೆ. ಒಂದು ತಿಂಗಳು ಉಣ್ಣಬೇಡ ಎಂದ ಧರ್ಮವೇ ಆ ದಿನ ಉಣ್ಣದೆ ಇರಬೇಡ ಅನ್ನುತ್ತದೆ.

ದಿನದ ಲೆಕ್ಕ

ಪರೀಕ್ಷೆಯಲ್ಲಿ ಗ್ಯಾರಂಟಿ ಬರುವ ಪ್ರಶ್ನೆ: ರಂಜಾನ್ ಪ್ರತಿ ವರ್ಷ ಯಾಕೆ ಹಿಂದಕ್ಕೆ ಸರಿಯುತ್ತದೆ? ಹಿಜರಿ, ಅಂದರೆ ಚಂದ್ರನ ತಿಂಗಳುಗಳ ಮುಸ್ಲಿಂ ಪಂಚಾಂಗದಲ್ಲಿ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಚಾಂದ್ರಮಾನ ಪಂಚಾಂಗದಲ್ಲೂ ತಿಂಗಳು ಚಂದ್ರನದೇ, ಆದರೆ ಕೊರತೆ ತುಂಬಲು ಅಧಿಕ ಮಾಸ ಸೇರಿಸುತ್ತೇವೆ. ಹಾಗಾಗಿ ಯುಗಾದಿ ಮಾರ್ಚ್-ಏಪ್ರಿಲ್ ಬಿಟ್ಟು ಹೋಗುವುದಿಲ್ಲ. ಹಿಜರಿಯಲ್ಲಿ ತಿಂಗಳು ಸೇರಿಸುವುದನ್ನು ಕುರಾನ್ (9:37) ತಡೆದಿದೆ. ಆದ್ದರಿಂದ ಹಬ್ಬ ವರ್ಷಕ್ಕೆ 10-11 ದಿನ ಮುಂಚೆ ಬರುತ್ತದೆ. ನಮ್ಮಲ್ಲಿ ರಂಜಾನ್ ಹಬ್ಬ 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಸುಮಾರು 33 ವರ್ಷಕ್ಕೆ ಒಂದು ಸುತ್ತು ಪೂರ್ತಿ. 2000ನೇ ಇಸವಿಯಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ, ಎರಡು ಸಲ ಈದುಲ್ ಫಿತ್ರ್ ಬಂತು. ಹೀಗಾಗಿ ಒಬ್ಬ ಮನುಷ್ಯ ಬದುಕಿನಲ್ಲಿ ಬಿರುಬೇಸಿಗೆಯ ಈದನ್ನೂ ನೋಡುತ್ತಾನೆ, ಜಡಿಮಳೆಯ ಈದನ್ನೂ ನೋಡುತ್ತಾನೆ.

ಋತು ಬಿಟ್ಟು ಓಡುವ ಪಂಚಾಂಗ ಹಬ್ಬಕ್ಕೆ ಸರಿ, ಕಂದಾಯಕ್ಕೆ ಒಗ್ಗುವುದಿಲ್ಲ. ಬೆಳೆ ಕೈಗೆ ಬಂದ ಮೇಲೆ ತಾನೇ ರೈತ ಕಟ್ಟುವುದು? ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಸುಲ್ತಾನ ಆಡಳಿತಕ್ಕೆ ‘ಮೌಲೂದಿ’ ಅನ್ನುವ ಬೇರೆಯದೇ ಪಂಚಾಂಗ ತಂದ. ಅದರಲ್ಲಿ ಇಲ್ಲಿನ ಪಂಚಾಂಗದ ಹಾಗೆಯೇ ಅಧಿಕ ಮಾಸ ಇತ್ತು. ಪ್ರಭವ, ವಿಭವ ಅನ್ನುವ ಹಾಗೆ 60 ವರ್ಷಗಳ ಸುತ್ತಿಗೆ ಹೆಸರುಗಳೂ ಇದ್ದವು. ಅವನ ನಾಣ್ಯಗಳ ಮೇಲೆ ಆ ವರ್ಷಗಳನ್ನು ಈಗಲೂ ಓದಬಹುದು. ಮಂಡ್ಯ ಜಿಲ್ಲೆಯವರು ಉತ್ತರದಲ್ಲಿ ಇದನ್ನು ಒಂದು ಸಾಲು ಸೇರಿಸಿ, ಚೆನ್ನಾಗಿರುತ್ತದೆ.

ಇನ್ನು ಚಂದ್ರ ಕಾಣುವ ವಿಷಯ. ಹಿಜರಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ರಂಜಾನ್ ತಿಂಗಳ 29ನೇ ಸಂಜೆ ಚಂದ್ರ ಕಂಡರೆ ಬೆಳಗ್ಗೆ ಹಬ್ಬ, ಇಲ್ಲದಿದ್ದರೆ 30 ದಿನ ಪೂರ್ತಿ ಮಾಡಬೇಕು. ಅದಕ್ಕೇ ಹಬ್ಬ ನಾಳೆಯೋ ನಾಡಿದ್ದೋ ಅಂತ ಕೊನೇ ಗಳಿಗೆಯವರೆಗೂ ಕಾಯುವುದು. ಕರಾವಳಿಯವರು ಸಾಮಾನ್ಯವಾಗಿ ಕೇರಳದ ಕಡೆ ಚಂದ್ರ ಕಂಡದ್ದನ್ನು ಒಪ್ಪುತ್ತಾರೆ. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಹಬ್ಬ ಆದರೆ ಮೈಸೂರಿನಲ್ಲಿ 11ಕ್ಕೆ. ನಮ್ಮ ಸರ್ಕಾರದ ರಜೆ ಪಟ್ಟಿ ನೋಡಿದ್ದೀರಾ? ರಂಜಾನ್ ಹಬ್ಬಕ್ಕೆ ‘ಖುತುಬ್-ಎ-ರಂಜಾನ್’ ಅಂತ ಹೆಸರು ಇರುತ್ತದೆ. ಗೊತ್ತುಪಡಿಸಿದ ದಿನ ಹಬ್ಬ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದು ಅಂತ ಟಿಪ್ಪಣಿಯೂ ಇರುತ್ತದೆ.

ಫಿತ್ರ್: ನಾಲ್ಕು ಬೊಗಸೆ

ಇದು ಇಡೀ ವಿಷಯದ ತಿರುಳು. ರಂಜಾನ್ ಉಪವಾಸ ಹಿಜರಿ 2ನೇ ವರ್ಷದಲ್ಲಿ, ಅಂದರೆ ಕ್ರಿ.ಶ. 624ರಲ್ಲಿ ಕಡ್ಡಾಯವಾಯಿತು. ಅದರ ಜೊತೆಗೇ ಬಂದದ್ದು ಫಿತ್ರ್ ದಾನ. ಪ್ರತಿ ತಲೆಗೆ ಒಂದು ‘ಸಾಅ್’ ಆಹಾರಧಾನ್ಯ. ಎರಡು ಕೈ ಸೇರಿಸಿದ ಒಂದು ಬೊಗಸೆಗೆ ಮುದ್ದ್ ಅಂತ ಹೆಸರು. ನಾಲ್ಕು ಮುದ್ದ್ ಒಂದು ಸಾಅ್. ತೂಕದಲ್ಲಿ ಎರಡೂವರೆಯಿಂದ ಮೂರು ಕಿಲೋ ಒಳಗೆ ಅಂದುಕೊಳ್ಳಿ. ಸುನ್ನಿಗಳ ಧಾರ್ಮಿಕ ಕಾನೂನಿನ ಪಂಥಗಳಲ್ಲಿ ಒಂದಾದ ಹನಫಿ ಪಂಥದಲ್ಲಿ ಗೋಧಿಯಾದರೆ ಅರ್ಧ ಸಾಅ್ ಸಾಕು, ಅದರ ಬೆಲೆಯನ್ನು ದುಡ್ಡಾಗಿ ಕೊಟ್ಟರೂ ನಡೆಯುತ್ತದೆ. ಮೈಸೂರು-ಮಂಡ್ಯ ಕಡೆ ಹೆಚ್ಚಿನವರು ಹನಫಿಗಳೇ. ಆ ವರ್ಷ ತಲೆಗೆ ಎಷ್ಟು ರೂಪಾಯಿ ಅಂತ ಮಸೀದಿಗಳಲ್ಲಿ ಮೊದಲೇ ಹೇಳುತ್ತಾರೆ. ಅಪ್ಪ ತನ್ನ ಚಿಕ್ಕ ಮಕ್ಕಳ ಪರವಾಗಿಯೂ ಕೊಡಬೇಕು, ಹಿಂದಿನ ದಿನ ಹುಟ್ಟಿದ ಕೂಸಿನ ಲೆಕ್ಕವೂ ಸೇರುತ್ತದೆ.

ಮುಖ್ಯವಾದದ್ದು ಗಡುವು. ಈದ್ ನಮಾಜಿಗೆ ಮುಂಚೆ ಕೊಟ್ಟರೆ ಮಾತ್ರ ಅದು ಫಿತ್ರ್. ನಮಾಜು ಮುಗಿದ ಮೇಲೆ ಕೊಟ್ಟರೆ ಬರೀ ದಾನ ಅಂತ ಇಬ್ನ್ ಅಬ್ಬಾಸರ ಹದೀಸ್ ಸ್ಪಷ್ಟವಾಗಿ ಹೇಳುತ್ತದೆ. ಯಾಕೆ ಈ ಗಡುವು? ಬಡವನ ಮನೆ ಒಲೆಯೂ ಹಬ್ಬದ ಬೆಳಗ್ಗೆಯೇ ಉರಿಯಬೇಕು ಅಂತ. ಮಧ್ಯಾಹ್ನ ಮಿಕ್ಕಿದ್ದನ್ನು ತಂದು ಹಾಕಿದರೆ ಅವನಿಗೆ ಅದು ಹಬ್ಬ ಆಗುತ್ತದಾ? ಇದನ್ನು ಜಕಾತ್ ಜೊತೆ ಕಲಸಬೇಡಿ. ಜಕಾತ್ ಬೇರೆ. ಅದು ನಿಗದಿತ ಮಿತಿ ದಾಟಿ ಒಂದು ವರ್ಷ ಉಳಿದ ಸಂಪತ್ತಿನ ಮೇಲೆ 2.5%. ಫಿತ್ರ್ ಇರುವುದು ತಲೆ ಎಣಿಕೆಯ ಮೇಲೆ.

ಬೆಳಗಿನ ಕ್ರಮ

ಸ್ನಾನ, ಇದ್ದುದರಲ್ಲಿ ಒಳ್ಳೆಯ ಬಟ್ಟೆ, ಅತ್ತರು. ರಂಜಾನ್ ಹಬ್ಬದಲ್ಲಿ ನಮಾಜಿಗೆ ಹೊರಡುವ ಮುಂಚೆ ಏನಾದರೂ ಸಿಹಿ ತಿನ್ನಬೇಕು. ಪ್ರವಾದಿ ಬೆಸ ಸಂಖ್ಯೆಯಲ್ಲಿ ಖರ್ಜೂರ ತಿನ್ನುತ್ತಿದ್ದರು. ಬಕ್ರೀದ್‌ನಲ್ಲಿ ಉಲ್ಟಾ, ನಮಾಜು ಮುಗಿಸಿ ಬಂದ ಮೇಲೆಯೇ ತಿನ್ನುವುದು. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ದಾರಿ ಹಿಡಿಯುವುದು ಸುನ್ನತ್, ಅಂದರೆ ಪ್ರವಾದಿ ನಡೆದುಕೊಂಡ ರೀತಿ.

ಮೈಸೂರಿನಲ್ಲಿ ದೊಡ್ಡ ನಮಾಜು ತಿಲಕ್ ನಗರದ ಈದ್ಗಾ ಮೈದಾನದಲ್ಲಿ. ಈ ನಮಾಜಿಗೆ ಆಜಾನ್ ಇಲ್ಲ. ಎರಡು ರಕಾತ್ (ನಿಂತು, ಬಾಗಿ, ಮಣಿಯುವ ಸುತ್ತು) ಅಷ್ಟೇ, ಆದರೆ ಹನಫಿ ಕ್ರಮದಲ್ಲಿ ಆರು ತಕ್ಬೀರ್ (‘ಅಲ್ಲಾಹು ಅಕ್ಬರ್’ ಅನ್ನುವುದು) ಜಾಸ್ತಿ: ಮೊದಲ ರಕಾತ್‌ನಲ್ಲಿ ಮೂರು, ಎರಡನೆಯದರಲ್ಲಿ ಬಾಗುವ ಮುಂಚೆ ಮೂರು. ಕರಾವಳಿಯ ಶಾಫಿ ಪಂಥದವರಲ್ಲಿ ಏಳು, ಐದು. ವರ್ಷಕ್ಕೆ ಎರಡೇ ಸಲ ಮಾಡುವ ನಮಾಜು ಆದ್ದರಿಂದ ಕ್ರಮ ಹೇಗೆ ಅಂತ ಮೈಕಿನಲ್ಲಿ ಮೊದಲೇ ವಿವರಿಸುತ್ತಾರೆ. ಆದರೂ ಎರಡನೇ ರಕಾತ್‌ನಲ್ಲಿ ‘ಅಲ್ಲಾಹು ಅಕ್ಬರ್’ ಅಂದ ಕೂಡಲೇ ಸಾಲಿನಲ್ಲಿ ಯಾರಾದರೂ ರೂಢಿಯಂತೆ ಬಾಗಿಯೇ ಬಿಡುತ್ತಾರೆ. ಪಕ್ಕದವರು ಕೈ ಎತ್ತಿ ನಿಂತಿದ್ದು ಕಂಡು ಥಟ್ಟನೆ ನೆಟ್ಟಗಾಗುತ್ತಾರೆ. ಶುಕ್ರವಾರ ಪ್ರವಚನ ಮೊದಲು, ನಮಾಜು ಆಮೇಲೆ. ಈದ್‌ನಲ್ಲಿ ನಮಾಜು ಮೊದಲು, ಖುತ್ಬಾ (ಪ್ರವಚನ) ಆಮೇಲೆ. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ವ್ಯತ್ಯಾಸ.

ಮುಗಿದ ಮೇಲೆ ಅಪ್ಪುಗೆ, ‘ಈದ್ ಮುಬಾರಕ್’. ಎಷ್ಟೋ ಜನ ಅಲ್ಲಿಂದ ಖಬರಸ್ತಾನಕ್ಕೆ ಹೋಗಿ ತೀರಿಕೊಂಡವರಿಗಾಗಿ ಪ್ರಾರ್ಥಿಸಿ ಆಮೇಲೆ ಮನೆಗೆ ಬರುತ್ತಾರೆ. ಮನೆಯಲ್ಲಿ ಶೀರ್ ಖುರ್ಮಾ ಕಾಯುತ್ತಿರುತ್ತದೆ. ಕೂದಲೆಳೆಯಂಥ ಶಾವಿಗೆಯನ್ನು ತುಪ್ಪದಲ್ಲಿ ಹುರಿದು, ಕಾಯಿಸಿ ಗಟ್ಟಿಯಾದ ಹಾಲಿಗೆ ಹಾಕಿ, ನೆನೆಸಿ ಹೆಚ್ಚಿದ ಉತ್ತುತ್ತೆ, ಗೋಡಂಬಿ, ಬಾದಾಮಿ, ದ್ರಾಕ್ಷಿ ಸೇರಿಸಿದ್ದು. ಶಾವಿಗೆ ಕೊನೆಗೆ ಬೀಳಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಮಕ್ಕಳ ಗಮನವೆಲ್ಲ ಈದಿಯ ಮೇಲೆ, ಅಂದರೆ ದೊಡ್ಡವರು ಕೊಡುವ ಹಬ್ಬದ ಕಾಸು.

ಒಂದು ಮಾತು ಇಲ್ಲಿ ಹೇಳಬೇಕು. ಹೆಂಗಸರೆಲ್ಲರೂ, ನಮಾಜು ಮಾಡುವಂತಿಲ್ಲದ ದಿನಗಳಲ್ಲಿ ಇರುವವರೂ ಈದ್ ಮೈದಾನಕ್ಕೆ ಬಂದು ಪ್ರಾರ್ಥನೆಯಲ್ಲಿ ಸೇರಲಿ ಅಂತ ಪ್ರವಾದಿ ಹೇಳಿದ್ದನ್ನು ಅವರ ಕಾಲದ ಮಹಿಳೆ ಉಮ್ಮು ಅತಿಯ್ಯಾ ತಿಳಿಸಿದ್ದಾರೆ. ನಮ್ಮೂರಿನ ಈದ್ಗಾಗಳಲ್ಲಿ ಹೆಚ್ಚಾಗಿ ಕಾಣುವುದು ಗಂಡಸರು, ಹುಡುಗರು. ಹೆಂಗಸರ ಈದ್ ಬಹುಪಾಲು ಅಡುಗೆಮನೆಯಲ್ಲಿ ಕಳೆಯುತ್ತದೆ. ಇದರ ಬಗ್ಗೆ ಪಂಥಗಳ ವಾದ ಏನೇ ಇರಲಿ, ಎಲ್ಲರಿಗೂ ಖುಷಿ ಅಂತ ಬರೆಯುವಾಗ ಈ ಅಂತರವನ್ನೂ ಬರೆಯುವುದು ನ್ಯಾಯ ಅಂತ ನನಗನಿಸುತ್ತದೆ.

ಬಕ್ರೀದ್

ಜುಲ್‌ಹಜ್ ತಿಂಗಳ 10ನೇ ದಿನ. ಹಿನ್ನೆಲೆ ಪ್ರವಾದಿ ಇಬ್ರಾಹಿಂ ಮಗನನ್ನೇ ಬಲಿ ಕೊಡಲು ಸಿದ್ಧರಾದ ಕಥೆ, ನಿಮಗೆ ಗೊತ್ತೇ ಇದೆ. ಕುರ್ಬಾನಿಯ ಪ್ರಾಣಿ ಕುಂಟಾಗಿರಬಾರದು, ಕುರುಡಾಗಿರಬಾರದು, ಕಾಯಿಲೆ ಬಿದ್ದು ಬಡಕಲಾಗಿರಬಾರದು. ಆಡಿಗೆ ಒಂದು ವರ್ಷ ತುಂಬಿರಬೇಕು. ಕುರಿಗೆ ಆರು ತಿಂಗಳಾಗಿದ್ದು ವರ್ಷದ್ದರಂತೆ ಕೊಬ್ಬಿದ್ದರೂ ನಡೆಯುತ್ತದೆ. ಕೊಳ್ಳುವವರು ಬಾಯಿ ತೆರೆದು ಎರಡು ಹಲ್ಲು ಬಂದಿದೆಯಾ ಅಂತ ನೋಡುವುದು ಅದಕ್ಕೇ. ನಮ್ಮ ಕಡೆ ಎಲ್ಲರ ಕಣ್ಣು ಬಂಡೂರು ಕುರಿ ಮೇಲೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಅದರ ಹೆಸರಿನ ಮೂಲ, ಬನ್ನೂರು ಕುರಿ ಅಂತಲೂ ಕರೆಯುತ್ತಾರೆ. ಗಿಡ್ಡ ಕಾಲು, ಅಗಲ ಬೆನ್ನು, ಮೆದು ಮಾಂಸ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ.

ಮಾಂಸವನ್ನು ಮೂರು ಪಾಲು ಮಾಡುವುದು ಒಳ್ಳೆಯದು ಅಂತ ಕ್ರಮ: ಮನೆಗೆ, ನೆಂಟರು-ಸ್ನೇಹಿತರಿಗೆ, ಬಡವರಿಗೆ. ‘ಅದರ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ತಲುಪುವುದಿಲ್ಲ, ನಿಮ್ಮ ಭಕ್ತಿ ತಲುಪುತ್ತದೆ’ ಅನ್ನುವ ಕುರಾನ್ ವಚನ (22:37) ಇಲ್ಲಿ ಬರೆಯಬೇಕು. 9ನೇ ದಿನದ ಬೆಳಗಿನ ನಮಾಜಿನಿಂದ 13ನೇ ದಿನದ ಇಳಿಹೊತ್ತಿನ ನಮಾಜು ಅಸರ್‌ವರೆಗೆ ಪ್ರತಿ ಕಡ್ಡಾಯ ನಮಾಜಿನ ನಂತರ ತಕ್ಬೀರ್ ಹೇಳುತ್ತಾರೆ, ಒಟ್ಟು 23 ನಮಾಜು. ಕುರ್ಬಾನಿ ಹನಫಿಗಳಿಗೆ 12ರವರೆಗೆ, ಶಾಫಿಗಳಿಗೆ 13ರವರೆಗೆ.

ಉಳಿದವು

ಈದ್ ಮಿಲಾದ್ (ಪ್ರವಾದಿಯ ಜನ್ಮದಿನ) ರಬೀಉಲ್ ಅವ್ವಲ್ ತಿಂಗಳ 12ಕ್ಕೆ. ದೀಪಾಲಂಕಾರ, ಮೆರವಣಿಗೆ, ಅನ್ನದಾನ ಇರುತ್ತದೆ. ಮೇಲೆ ಹೇಳಿದ ಎರಡು ಈದ್‌ಗಳ ಸಾಲಿಗೆ ಇದು ಸೇರುವುದಿಲ್ಲ. ಆಚರಿಸಬೇಕೋ ಬೇಡವೋ ಅನ್ನುವುದರಲ್ಲೇ ಭಿನ್ನಮತ ಇದೆ. ಬೇಕು ಅನ್ನುವವರು ಅಲ್ಲಾಹನ ಕೃಪೆಯಲ್ಲಿ ಸಂತೋಷಪಡಲಿ ಅನ್ನುವ ವಚನ (10:58) ಮುಂದಿಡುತ್ತಾರೆ. ಬೇಡ ಅನ್ನುವವರು ಪ್ರವಾದಿಯ ಕಾಲದಲ್ಲಿ ಇದು ಇರಲಿಲ್ಲ ಅನ್ನುತ್ತಾರೆ.

ಮೊಹರಂ ಸಂಭ್ರಮದ ಪಟ್ಟಿಗೆ ಸೇರಿಸಲೇಬೇಡಿ. ರಜೆ ಪಟ್ಟಿಯಲ್ಲಿ ‘ಮೊಹರಂ ಕಡೇ ದಿನ’ ಅಂತ ಇರುವುದು ಆ ತಿಂಗಳ 10ನೇ ದಿನ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿಯ ಮೊಮ್ಮಗ ಹುಸೇನ್ ಹತರಾದ ದಿನ. ಶಿಯಾಗಳಿಗೆ ಶೋಕ, ಸುನ್ನಿಗಳಲ್ಲಿ ಬಹಳ ಜನ ಉಪವಾಸ ಇರುತ್ತಾರೆ. ಹಿಜರಿ ಹೊಸ ವರ್ಷ ಇದೇ ತಿಂಗಳಲ್ಲಿ ಶುರುವಾದರೂ ಯುಗಾದಿಯ ಥರದ ಸಡಗರ ಅದಕ್ಕಿಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೊಹರಂಗೆ ಹಿಂದೂಗಳೂ ಸೇರಿ ಬಾಬಯ್ಯನ ಹಬ್ಬ ಅಂತ ಕೊಂಡ ಹಾಯುತ್ತಾರಲ್ವಾ, ಅದು ಜನಪದ ಆಚರಣೆ. ಉತ್ತರದಲ್ಲಿ ಅದಕ್ಕೆ ಬೇರೆ ಪ್ಯಾರಾ ಕೊಡಿ.