‘ಜ಼ೋನೆ ಮಾ’ ಅಂದರೆ ನಮ್ಮ ಮಾತು: ಜ಼ಾಜ಼ಾ ಭಾಷೆ ಮತ್ತು ಜನರ ಬಗ್ಗೆ ಒಂದು ಓದಿನ ಟಿಪ್ಪಣಿ

ಟರ್ಕಿಯ ಪೂರ್ವ ಭಾಗದಲ್ಲಿ ದೆರ್ಸಿಮ್ ಎಂಬ ಬೆಟ್ಟದ ಸೀಮೆ ಇದೆ. ಅಲ್ಲಿನ ಹಿರಿಯರು ತಾವು ಆಡುವ ಭಾಷೆಯನ್ನು ‘ಜ಼ೋನೆ ಮಾ’ ಅನ್ನುತ್ತಾರೆ. ಜ಼ೋನ್ ಅಂದರೆ ಭಾಷೆ, ಮಾ ಅಂದರೆ ನಮ್ಮ. ಹೊರಗಿನವರು ಇದೇ ಭಾಷೆಯನ್ನು ಜ಼ಾಜ಼ಾಕಿ ಎಂದು ಕರೆಯುತ್ತಾರೆ. ಈ ಟಿಪ್ಪಣಿ ಓದುವಾಗ ಒಂದು ವಿಷಯ ನೆನಪಿಡಿ: ಜ ಅಕ್ಷರದ ಕೆಳಗೆ ಚುಕ್ಕೆ ಇದ್ದರೆ ಅದು ಉರ್ದುವಿನ ‘ಜ಼ಿಂದಗಿ’ಯಲ್ಲಿ ಬರುವ ಸದ್ದು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಹೊಸದಾಗಿ ಓದುವವರು ಎಡವುವುದು ಇಲ್ಲೇ ಜಾಸ್ತಿ. ದೆರ್ಸಿಮ್‌ನವರು ಈ ಭಾಷೆಯನ್ನು ಕಿರ್ಮಾಂಜ್ಕಿ ಎಂದೂ ಹೇಳುತ್ತಾರೆ. ಬಿಂಗೋಲ್ ಕಡೆ ಕಿರ್ದ್ಕಿ, ಸಿವೆರೆಕ್ ಕಡೆ ದಿಮಿಲ್ಕಿ. ಎಲ್ಲವೂ ಒಂದೇ ಭಾಷೆಯ ಹೆಸರುಗಳು. ಆದರೆ ‘ಕುರ್ಮಾಂಜಿ’ ಬೇರೆ. ಅದು ಕುರ್ದಿಶ್‌ನ ಅತಿ ದೊಡ್ಡ ರೂಪ. ಕಿರ್ಮಾಂಜ್ಕಿ, ಕುರ್ಮಾಂಜಿ ಎರಡೂ ಕಿವಿಗೆ ಒಂದೇ ಥರ ಕೇಳಿಸುತ್ತವೆ. ಪುಸ್ತಕದಲ್ಲಿ ಯಾವುದು ಬಂದಿದೆ ಎಂದು ಪ್ರತಿ ಸಲ ನಿಂತು ನೋಡಿ.

ಜ಼ಾಜ಼ಾ ಜನ ಹೆಚ್ಚಾಗಿ ಇರುವುದು ಯೂಫ್ರಟೀಸ್ ಮತ್ತು ಟೈಗ್ರಿಸ್ ನದಿಗಳ ಮೇಲ್ಭಾಗದಲ್ಲಿ. ತುಂಜೆಲಿ (ಹಳೆಯ ದೆರ್ಸಿಮ್), ಬಿಂಗೋಲ್, ಎಲಾಜ಼ಿಗ್, ಎರ್ಜ಼ಿಂಜಾನ್, ದಿಯಾರ್‌ಬಕಿರ್‌ನ ಉತ್ತರ ಭಾಗ, ಉರ್ಫಾ ಜಿಲ್ಲೆಯ ಸಿವೆರೆಕ್. ಜರ್ಮನಿ ಮತ್ತು ಉಳಿದ ಯುರೋಪಿನಲ್ಲೂ ತುಂಬಾ ಮಂದಿ ಇದ್ದಾರೆ. ಟರ್ಕಿಯಲ್ಲಿ ಮಾತೃಭಾಷೆಯ ಲೆಕ್ಕವನ್ನು ಪ್ರಕಟಿಸಿದ ಕೊನೆಯ ಜನಗಣತಿ 1965ರದ್ದು. ಹಾಗಾಗಿ ಈಗ ಸಿಗುವುದೆಲ್ಲ ಅಂದಾಜು. ಸಾಮಾನ್ಯವಾಗಿ 20ರಿಂದ 40 ಲಕ್ಷ ಎಂದು ಹೇಳುತ್ತಾರೆ.

ಸದ್ದುಗಳ ಕಥೆ

ನನಗೆ ಈ ಭಾಷೆ ಹಿಡಿಸಿದ್ದೇ ಅದರ ಸದ್ದುಗಳಿಂದ. ಜ಼ಾಜ಼ಾಕಿ ಇರಾನಿ ಭಾಷೆಗಳ ವಾಯವ್ಯ ಗುಂಪಿಗೆ ಸೇರಿದ್ದು. ಪರ್ಷಿಯನ್, ಕುರ್ಮಾಂಜಿ ಎರಡೂ ಅದರ ನೆಂಟರು. ಸಂಸ್ಕೃತ ದೂರದ ನೆಂಟ. ಕನ್ನಡಕ್ಕೆ ನೆಂಟಸ್ತಿಕೆ ಏನೂ ಇಲ್ಲ. ಆದರೂ ಕನ್ನಡದಲ್ಲಿ ಓದಿದವರಿಗೆ ಇಲ್ಲಿ ಒಂದು ಅನುಕೂಲ ಇದೆ, ಯಾಕೆಂದರೆ ನಮಗೆ ಸಂಸ್ಕೃತದ ಪದಗಳ ಪರಿಚಯ ಸಾಕಷ್ಟಿದೆ.

ಶಾಲೆಯಲ್ಲಿ ತತ್ಸಮ, ತದ್ಭವ ಓದಿದ್ದು ನೆನಪಿದೆ ಅಲ್ವಾ? ವನ ಬನ ಆಯಿತು, ವರ್ಣ ಬಣ್ಣ ಆಯಿತು, ವಸತಿ ಬಸದಿ ಆಯಿತು. ವಕಾರ ಬಕಾರವಾಗುವ ಇದೇ ಬದಲಾವಣೆ ಪರ್ಷಿಯನ್‌ನಲ್ಲಿ, ಕುರ್ಮಾಂಜಿಯಲ್ಲಿ ತನ್ನ ಪಾಡಿಗೆ ಬೇರೆಯಾಗಿ ನಡೆದಿದೆ. ಗಾಳಿಗೆ ಪರ್ಷಿಯನ್‌ನಲ್ಲಿ ‘ಬಾದ್’, ಕುರ್ಮಾಂಜಿಯಲ್ಲಿ ‘ಬಾ’. ಜ಼ಾಜ಼ಾಕಿಯಲ್ಲಿ ಮಾತ್ರ ‘ವಾ’. ನಮ್ಮ ವಾತ ಪದವನ್ನು ಪಕ್ಕದಲ್ಲಿಟ್ಟು ನೋಡಿ. ಇಪ್ಪತ್ತಕ್ಕೆ ಆ ಎರಡರಲ್ಲೂ ‘ಬೀಸ್ತ್’, ಜ಼ಾಜ಼ಾಕಿಯಲ್ಲಿ ‘ವೀಸ್ತ್’. ವಿಂಶತಿ ನೆನಪಾಗುತ್ತದೆ. ಹಿಮಕ್ಕೆ ಪರ್ಷಿಯನ್‌ನಲ್ಲಿ ‘ಬರ್ಫ್’, ಇಲ್ಲಿ ‘ವೆವ್ರೆ’ ಅಥವಾ ‘ವೋರೆ’. ‘ಹೇಳು’ ಅನ್ನುವುದಕ್ಕೆ ‘ವಾಜೆ’. ವಾಚ, ವಚನ ಇವುಗಳ ಬೇರೇ ಅದಕ್ಕೂ ಇರುವುದು. ನೆಂಟರು ಬಿಟ್ಟುಕೊಟ್ಟ ವಕಾರವನ್ನು ಈ ಬೆಟ್ಟದ ಜನ ಇವತ್ತಿಗೂ ಆಡುತ್ತಿದ್ದಾರೆ.

ಇನ್ನೊಂದು ಸದ್ದು ಜ಼. ‘ತಿಳಿ’ ಎಂಬುದಕ್ಕೆ ಜ಼ಾಜ಼ಾಕಿಯ ಧಾತು ‘ಜ಼ಾನ್’. ಜ್ಞಾನ ಪದದ ಸಂಬಂಧಿ. ಕುರ್ಮಾಂಜಿಯಲ್ಲೂ ಜ಼ಾನ್, ಆದರೆ ಪರ್ಷಿಯನ್‌ನಲ್ಲಿ ‘ದಾನ್’. ಅಳಿಯನಿಗೆ ‘ಜ಼ಾಮಾ’, ಸಂಸ್ಕೃತದಲ್ಲಿ ಜಾಮಾತೃ, ಪರ್ಷಿಯನ್‌ನಲ್ಲಿ ‘ದಾಮಾದ್’. ಹೀಗೆ ಜ಼ ಉಳಿದಿದ್ದರೆ ವಾಯವ್ಯ ಗುಂಪು, ದ ಬಂದಿದ್ದರೆ ಪರ್ಷಿಯನ್ ಇರುವ ನೈಋತ್ಯ ಗುಂಪು. ಇದು ಭಾಷಾವಿಜ್ಞಾನಿಗಳು ಬಳಸುವ ಮುಖ್ಯ ಗುರುತುಗಳಲ್ಲಿ ಒಂದು.

ಕುರ್ಮಾಂಜಿಯಿಂದ ಬೇರೆ ಮಾಡಿ ನೋಡುವುದು ಹೇಗೆ? ಹೆಸರಿಗೆ ಕುರ್ಮಾಂಜಿಯಲ್ಲಿ ‘ನಾವ್’, ಜ಼ಾಜ಼ಾಕಿಯಲ್ಲಿ ‘ನಾಮೆ’. ಅಲ್ಲಿ ಮಕಾರ ವಕಾರವಾಗಿದೆ, ಇಲ್ಲಿ ಹಾಗೇ ಇದೆ. ಅಳಿಯ ಅಲ್ಲಿ ‘ಜ಼ಾವಾ’, ಇಲ್ಲಿ ಜ಼ಾಮಾ. ಮೂರಕ್ಕೆ ಅಲ್ಲಿ ‘ಸೆ’, ಇಲ್ಲಿ ‘ಹೀರೆ’. ಸುಮಾರು ಎರಡು ಸಾವಿರ ವರ್ಷ ಹಿಂದೆ ಇದೇ ವಾಯವ್ಯ ಗುಂಪಿನ ಪಾರ್ಥಿಯನ್ ಭಾಷೆಯಲ್ಲಿ ಮೂರಕ್ಕೆ ‘ಹ್ರೆ’ ಎಂಬ ರೂಪ ಇತ್ತು. ನಿಮ್ಮ ಹೆಸರೇನು ಎಂದು ಕೇಳಬೇಕಾದರೆ: ‘ನಾಮೆಯೆ ತೊ ಚಿ ಯೊ?’

ವ್ಯಾಕರಣದಲ್ಲಿ ನಿಲ್ಲಬೇಕಾದ ಎರಡು ಜಾಗ

ಕ್ರಿಯಾಪದದಲ್ಲಿ ಲಿಂಗ ಕಾಣುತ್ತದೆ. ‘ಓ ಯೆನೊ’ ಅಂದರೆ ಅವನು ಬರುತ್ತಾನೆ. ‘ಆ ಯೆನಾ’ ಅಂದರೆ ಅವಳು ಬರುತ್ತಾಳೆ. ಪರ್ಷಿಯನ್‌ನಲ್ಲಿ ಅವನು, ಅವಳು ಎಂಬ ಭೇದವೇ ಇಲ್ಲ. ಕುರ್ಮಾಂಜಿಯ ನಾಮಪದಗಳಿಗೆ ಲಿಂಗ ಇದ್ದರೂ ‘ಬರುತ್ತಾನೆ, ಬರುತ್ತಾಳೆ’ ಎರಡಕ್ಕೂ ಕ್ರಿಯಾಪದ ಒಂದೇ. ನಮಗೆ ಆನೆ, ಆಳೆ ಹಚ್ಚುವುದು ರೂಢಿಯಾದ್ದರಿಂದ ಇದು ಬೇಗ ಬಾಯಿಗೆ ಬರುತ್ತದೆ.

ಎರಡನೆಯದು ಸ್ವಲ್ಪ ಕಷ್ಟ. ‘ಎಜ಼್ ನಾನ್ ವೆನಾ’, ನಾನು ರೊಟ್ಟಿ ತಿನ್ನುತ್ತೇನೆ. ‘ಮಿ ನಾನ್ ವೆರ್ದ್’, ನಾನು ರೊಟ್ಟಿ ತಿಂದೆ. ವರ್ತಮಾನದಲ್ಲಿ ಇದ್ದ ಎಜ಼್ ಭೂತಕಾಲಕ್ಕೆ ಬಂದಾಗ ‘ಮಿ’ ಆಗಿಬಿಟ್ಟಿತು. ಅಷ್ಟೇ ಅಲ್ಲ, ಕ್ರಿಯಾಪದ ಈಗ ತಿಂದವರ ಮಾತು ಕೇಳುವುದಿಲ್ಲ, ತಿಂದ ವಸ್ತುವಿನ ಮಾತು ಕೇಳುತ್ತದೆ. ವಸ್ತು ಸ್ತ್ರೀಲಿಂಗವಾದರೆ ವೆರ್ದ್ ಹೋಗಿ ‘ವೆರ್ದೆ’ ಬರುತ್ತದೆ. ಹಿಂದಿಯ ‘ಮೈನೇ ರೋಟಿ ಖಾಯಿ’ ಗೊತ್ತಿದ್ದವರು ಅದನ್ನೇ ನೆನೆಸಿಕೊಳ್ಳಿ, ಕ್ರಮ ಒಂದೇ. ಸಕರ್ಮಕ ಕ್ರಿಯೆಗೆ, ಅದೂ ಭೂತಕಾಲದಲ್ಲಿ ಮಾತ್ರ ಹೀಗೆ. ಹತ್ತು ವಾಕ್ಯ ಬರೆದು ಅಭ್ಯಾಸ ಮಾಡದೆ ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ಕಾಗದಕ್ಕೆ ಬಂದದ್ದು

ಜ಼ಾಜ಼ಾಕಿ ಬಹುಕಾಲ ಬಾಯಲ್ಲೇ ಬದುಕಿದ ಭಾಷೆ. ಇದರ ಮೊದಲ ವ್ಯವಸ್ಥಿತ ಬರವಣಿಗೆ ಸಿಕ್ಕಿದ್ದು ಯುದ್ಧಕೈದಿಗಳಿಂದ. ಕ್ರಿಮಿಯಾ ಯುದ್ಧದಲ್ಲಿ ರಷ್ಯಾ ಸೆರೆಹಿಡಿದ ಒಟ್ಟೋಮನ್ ಸೈನಿಕರನ್ನು ರೋಸ್ಲಾವ್ಲ್ ಎಂಬ ಊರಿನಲ್ಲಿ ಇಟ್ಟಿದ್ದರು. 1856ರಲ್ಲಿ ಪೀಟರ್ ಲೆರ್ಖ್ ಎಂಬ ವಿದ್ವಾಂಸ ಅಲ್ಲಿಗೆ ಹೋಗಿ, ಅವರಲ್ಲಿದ್ದ ಜ಼ಾಜ಼ಾ ಮಾತುಗಾರರು ಹೇಳಿದ್ದನ್ನು ಬರೆದುಕೊಂಡ. ಮನೆಯಿಂದ ಅಷ್ಟು ದೂರ, ಸೆರೆಯಲ್ಲಿ ಕುಳಿತು ಯಾರೋ ತನ್ನ ಊರಿನ ಮಾತಿನಲ್ಲಿ ಕಥೆ ಹೇಳುತ್ತಿದ್ದಾನೆ. ಆ ದೃಶ್ಯ ನನ್ನ ಮನಸ್ಸಿನಿಂದ ಹೋಗಿಲ್ಲ.

ಜ಼ಾಜ಼ಾ ಜನ ತಾವೇ ಅಚ್ಚು ಹಾಕಿಸಿದ ಮೊದಲ ಕೃತಿ 1899ರದ್ದು. ಲಿಜೆ ಕಡೆಯ ಎಹ್ಮೆದೆ ಖಾಸಿ ಬರೆದ ‘ಮೆವ್ಲಿದ್’, ಪ್ರವಾದಿಯವರ ಜನನವನ್ನು ಹಾಡುವ ಪದ್ಯ. ಅರಬ್ಬಿ ಲಿಪಿ, ದಿಯಾರ್‌ಬಕಿರ್‌ನಲ್ಲಿ ಅಚ್ಚು. ನಂತರ 1900ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿಯ ಓಸ್ಕರ್ ಮಾನ್ ಓಡಾಡಿ ಸಾಮಗ್ರಿ ಸಂಗ್ರಹಿಸಿದ. ಅದನ್ನು ಕಾರ್ಲ್ ಹಡಾಂಕ್ 1932ರಲ್ಲಿ ಪ್ರಕಟಿಸಿದ. ಇದು ಕುರ್ದಿಶ್‌ನ ಉಪಭಾಷೆ ಅಲ್ಲ, ಬೇರೆಯೇ ಭಾಷೆ ಎಂಬ ವಾದ ಗಟ್ಟಿಯಾದದ್ದು ಇವರಿಂದ.

ಈ ವಾದ ಇವತ್ತಿಗೂ ಬಿಸಿಯಾಗಿದೆ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಇಡಬೇಕು ಎಂಬುದು ನನ್ನ ಅಭಿಪ್ರಾಯ. ಭಾಷೆ ಯಾವ ಕೊಂಬೆಯದು ಎಂಬುದಕ್ಕೆ ಸದ್ದು, ವ್ಯಾಕರಣ ಉತ್ತರ ಕೊಡುತ್ತವೆ. ಹೆಚ್ಚಿನ ಇರಾನಿ ಭಾಷಾತಜ್ಞರು ಬೇರೆ ಭಾಷೆ ಅಂತಲೇ ಹೇಳುತ್ತಾರೆ, ಇರಾನ್-ಇರಾಕ್ ಗಡಿಯ ಗೊರಾನಿ ಭಾಷೆಯ ಜೊತೆ, ಕ್ಯಾಸ್ಪಿಯನ್ ತೀರದ ಭಾಷೆಗಳ ಜೊತೆ ಹೋಲಿಸುತ್ತಾರೆ. ಜನ ಯಾರು ಎಂಬುದನ್ನು ಹೇಳಬೇಕಾದವರು ಆ ಜನರೇ. ಜ಼ಾಜ಼ಾ ಮಾತಾಡುವ ಎಷ್ಟೋ ಮಂದಿ ತಾವು ಕುರ್ದರು ಅನ್ನುತ್ತಾರೆ. ಎಷ್ಟೋ ಮಂದಿ ತಾವು ಬೇರೆ ಜನಾಂಗ ಅನ್ನುತ್ತಾರೆ. ನಾವು ಹೊರಗೆ ಕುಳಿತು ಒಬ್ಬರ ಪರವಾಗಿ ತೀರ್ಪು ಬರೆಯುವುದು ಸರಿಯಲ್ಲ.

ನಂಬಿಕೆ, ಹಬ್ಬ, ನೋವು

ದಕ್ಷಿಣದ ಮತ್ತು ಬಿಂಗೋಲ್‌ನ ಜ಼ಾಜ಼ಾಗಳು ಸುನ್ನಿ ಮುಸ್ಲಿಮರು. ದೆರ್ಸಿಮ್ ಸೀಮೆಯವರು ಅಲೆವಿಗಳು, ಅಂದರೆ ಪ್ರವಾದಿಯವರ ಅಳಿಯ ಅಲಿಯನ್ನು ಪೂಜ್ಯರೆಂದು ಕಾಣುವ ಪಂಥದವರು. ಅಲೆವಿಗಳ ಪೂಜೆಗೆ ‘ಜೆಮ್’ ಎಂದು ಹೆಸರು. ಗಂಡಸರು, ಹೆಂಗಸರು ಒಟ್ಟಿಗೆ ಕೂರುತ್ತಾರೆ, ತಂತಿವಾದ್ಯದ ಜೊತೆ ಹಾಡು ಇರುತ್ತದೆ, ಪೀರ್ ಎಂಬ ಧರ್ಮಗುರು ನಡೆಸಿಕೊಡುತ್ತಾರೆ. ಬೆಟ್ಟ, ಬುಗ್ಗೆ, ಮರ ಎಲ್ಲಕ್ಕೂ ಅಲ್ಲಿ ಪಾವಿತ್ರ್ಯ ಇದೆ. ಮುಂಜ಼ುರ್ ನದಿಯ ಕಥೆ ಕೇಳಿ. ಮುಂಜ಼ುರ್ ಒಬ್ಬ ಕುರಿಗಾಹಿ. ಯಜಮಾನ ಯಾತ್ರೆಗೆ ಹೋಗಿದ್ದಾಗ ಅವನಿಗೆ ಹಲ್ವಾ ತಿನ್ನುವ ಆಸೆಯಾಯಿತು. ಮುಂಜ಼ುರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮೆಕ್ಕಾಗೆ ಬಿಸಿ ಹಲ್ವಾ ಮುಟ್ಟಿಸಿದ. ಯಜಮಾನ ಮರಳಿದ ಮೇಲೆ ಊರವರೆಲ್ಲ ಮುಂಜ಼ುರ್‌ನ ಕೈಗೆ ಮುತ್ತಿಡಲು ಬಂದರು. ಅವನು ಹಾಲಿನ ಪಾತ್ರೆ ಹಿಡಿದೇ ಓಡಿದ. ಹಾಲು ಚೆಲ್ಲಿದ ಕಡೆಯೆಲ್ಲ ಬುಗ್ಗೆ ಎದ್ದಿತು. ಓವಾಜಿಕ್ ಹತ್ತಿರ ಇಂದಿಗೂ ಬಂಡೆಗಳ ನಡುವಿನಿಂದ ಬೆಳ್ಳಗೆ ನೊರೆಯಾಗಿ ನೀರು ಉಕ್ಕುತ್ತದೆ.

ಚಳಿಗಾಲದಲ್ಲಿ, ಕಷ್ಟದಲ್ಲಿ ಕೈಹಿಡಿಯುವ ಸಂತ ಖಿಜ಼ಿರ್‌ಗಾಗಿ ಮೂರು ದಿನದ ಉಪವಾಸ ಮಾಡುತ್ತಾರೆ. ಗೋಧಿ ಹುರಿದು ಬೀಸಿ ‘ಕಾವುತ್’ ಎಂಬ ಹುರಿಹಿಟ್ಟು ಮಾಡಿ ರಾತ್ರಿ ಒಂದು ಕಡೆ ಇಡುತ್ತಾರೆ. ಬೆಳಗ್ಗೆ ಅದರ ಮೇಲೆ ಗುರುತು ಮೂಡಿದ್ದರೆ ಖಿಜ಼ಿರ್ ಕುದುರೆ ಏರಿ ಮನೆಗೆ ಬಂದು ಹೋದ ಎಂದು ನಂಬಿಕೆ. ಡಿಸೆಂಬರ್ ಕೊನೆಯಲ್ಲಿ ಗಾಗಾನ್ ಹಬ್ಬ. ಮುದುಕನ ವೇಷ ಹಾಕಿದವನು ಮನೆಮನೆಗೆ ಹೋಗುತ್ತಾನೆ. ರೊಟ್ಟಿ ಪುಡಿ ಮಾಡಿ, ಬೆಳ್ಳುಳ್ಳಿ ಮೊಸರು, ಕರಗಿಸಿದ ಬೆಣ್ಣೆ ಹಾಕಿದ ‘ಜ಼ೆರ್ಫೆತ್’ ಅಲ್ಲಿನ ಅಚ್ಚುಮೆಚ್ಚಿನ ಊಟ.

ನೋವಿನ ಭಾಗವನ್ನು ಬಿಟ್ಟು ಈ ಭಾಷೆಯನ್ನು ಓದಲಾಗದು. 1925ರಲ್ಲಿ ಧರ್ಮಗುರು ಶೇಖ್ ಸೈದ್ ಅವರ ಬಂಡಾಯ, ಅವರಿಗೆ ಗಲ್ಲು. 1935ರಲ್ಲಿ ವಿಶೇಷ ಕಾನೂನು ತಂದು ದೆರ್ಸಿಮ್‌ಗೆ ತುಂಜೆಲಿ ಎಂದು ಹೆಸರಿಟ್ಟರು. 1937ರ ನವೆಂಬರ್ 15ರಂದು ದೆರ್ಸಿಮ್‌ನ ಮುಖಂಡ ಸೈಯಿದ್ ರಿಜ಼ಾರನ್ನು ಎಲಾಜ಼ಿಗ್‌ನಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಸೇನೆ ಹಳ್ಳಿ ಹಳ್ಳಿಗಳನ್ನೇ ನಾಶ ಮಾಡಿತು. 2011ರಲ್ಲಿ ಟರ್ಕಿಯ ಪ್ರಧಾನಿ ಕ್ಷಮೆ ಕೇಳುವಾಗ ಸರ್ಕಾರಿ ದಾಖಲೆಯಿಂದ ಓದಿದ ಸಾವಿನ ಸಂಖ್ಯೆ 13,806. ಜನರ ನೆನಪಿನ ಲೆಕ್ಕ ಅದಕ್ಕಿಂತ ಎಷ್ಟೋ ಜಾಸ್ತಿ. ಆ ವರ್ಷಗಳನ್ನು ಅವರು ‘ತೆರ್ತೆಲೆ’ ಅನ್ನುತ್ತಾರೆ. ಸಾವಿರಾರು ಮಂದಿಯನ್ನು ದೇಶದ ಪಶ್ಚಿಮಕ್ಕೆ ಗಡಿಪಾರು ಮಾಡಿದರು. ಅನಾಥ ಹೆಣ್ಣುಮಕ್ಕಳನ್ನು ಬೇರೆ ಮನೆಗಳಿಗೆ ಕೊಟ್ಟರು. ಅವರು ಬೆಳೆದದ್ದು ಟರ್ಕಿಶ್‌ನಲ್ಲಿ.

1983ರ ಕಾನೂನು ಇಂಥ ಭಾಷೆಗಳಲ್ಲಿ ಪ್ರಕಟಿಸುವುದನ್ನೇ ನಿಷೇಧಿಸಿತು. ಅದು ಹೋದದ್ದು 1991ರಲ್ಲಿ. ಹಾಗಾಗಿ ಜ಼ಾಜ಼ಾ ಪತ್ರಿಕೆಗಳು ಮೊದಲು ಹುಟ್ಟಿದ್ದು ಸ್ವೀಡನ್, ಜರ್ಮನಿಯಲ್ಲಿ. 2004ರಲ್ಲಿ ಸರ್ಕಾರಿ ಟಿವಿಯಲ್ಲಿ ವಾರಕ್ಕೆ ಅರ್ಧ ಗಂಟೆ ಸಿಕ್ಕಿತು. 2012ರಿಂದ ಶಾಲೆಯಲ್ಲಿ ಐಚ್ಛಿಕ ವಿಷಯ, ಅದಕ್ಕೂ ಕನಿಷ್ಠ 10 ಮಕ್ಕಳು ಕೇಳಬೇಕು. ಬಿಂಗೋಲ್ ಮತ್ತು ಮುಂಜ಼ುರ್ ವಿಶ್ವವಿದ್ಯಾಲಯಗಳಲ್ಲಿ ಈಗ ಇದನ್ನು ಕಲಿಸುತ್ತಾರೆ. ಯುನೆಸ್ಕೋ ಈ ಭಾಷೆಯನ್ನು ಅಪಾಯದ ಪಟ್ಟಿಯಲ್ಲಿ ಇಟ್ಟಿದೆ.

ಓದಲು ಹೊರಡುವವರಿಗೆ ಒಂದು ಎಚ್ಚರಿಕೆ. ಲ್ಯಾಟಿನ್ ಲಿಪಿಯಲ್ಲಿ ಎರಡು ಪದ್ಧತಿ ಇವೆ. ಒಂದು ಟರ್ಕಿಶ್ ದಾರಿಯದ್ದು, ಇನ್ನೊಂದು ಕುರ್ಮಾಂಜಿ ದಾರಿಯದ್ದು. ಮೊದಲನೆಯದರಲ್ಲಿ ಚುಕ್ಕೆ ಇರುವ ಅಕ್ಷರವೇ ‘ಇ’. ಎರಡನೆಯದರಲ್ಲಿ ತಲೆಯ ಮೇಲೆ ಟೋಪಿ ಇರುವುದು ‘ಈ’, ಬರೀ ಚುಕ್ಕೆ ಇರುವುದು ಬಾಯಿ ಅರ್ಧ ತೆರೆದು ಹೇಳುವ ಮೊಟಕು ಸ್ವರ. ಯಾವ ಪದ್ಧತಿ ಎಂದು ಮೊದಲ ಪುಟದಲ್ಲೇ ಗುರುತು ಹಾಕಿಕೊಳ್ಳಿ.

ಮೊದಲ ದಿನಕ್ಕೆ ಮೂರು ಮಾತು ಸಾಕು. ಯಾರಾದರೂ ಉಪಕಾರ ಮಾಡಿದರೆ ‘ಹೆಕ್ ತೊ ರಾ ರಾಜ಼ಿ ಬೊ’, ದೇವರು ನಿನ್ನನ್ನು ಮೆಚ್ಚಲಿ. ಹೊರಟವರಿಗೆ ‘ಓಖಿರ್ ಬೊ’, ದಾರಿ ಒಳ್ಳೆಯದಾಗಲಿ. ಭಾಷೆಯ ಹೆಸರು ಹೇಳಬೇಕಾದಾಗ ‘ಜ಼ೋನೆ ಮಾ’.