ಬಾಂಬು ಬಿದ್ದದ್ದು ಸರಿ, ಇಂಧನ ಮುಗಿದದ್ದೇ ತಕರಾರು

2017ರ ಡಿಸೆಂಬರಿನಲ್ಲಿ ಬಂದ ಹಾಲಿವುಡ್ಡಿನ ಬಾಹ್ಯಾಕಾಶ ಚಿತ್ರ ‘ಸ್ಟಾರ್ ವಾರ್ಸ್: ದಿ ಲಾಸ್ಟ್ ಜೆಡೈ’ ವಿಚಾರಕ್ಕೆ ಬಂದರೆ ಮೈಸೂರಿನ ಅಭಿಮಾನಿಗಳಲ್ಲಿ ಇವತ್ತಿಗೂ ಎರಡು ಬಣ. ಮಾನಸಗಂಗೋತ್ರಿಯ ಕ್ಯಾಂಟೀನಿನಲ್ಲಾಗಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲಾಗಲಿ ಮಾತು ಹತ್ತಿಕೊಂಡರೆ ಮೊದಲ ಬಾಣ ಒಂದೇ: ‘ಗುರೂ, ಸ್ಪೇಸಲ್ಲಿ ಬಾಂಬು ಕೆಳಗೆ ಹೆಂಗ್ ಬೀಳುತ್ತೆ ಹೇಳು ನೋಡೋಣ?’ ಎದುರು ಬಣದವನ ಉತ್ತರವೂ ಸಿದ್ಧ: ‘ಮಗಾ, ಹಾಡು ಬಂದ ತಕ್ಷಣ ಹೀರೋ ಸ್ವಿಟ್ಜರ್ಲೆಂಡಿಗೆ ಹೋಗೋದನ್ನ ಒಪ್ಕೊಂಡೋನು ನೀನು. ಇದಕ್ಕೇನ್ ಕಷ್ಟ?’

ಇಬ್ಬರೂ ಎಡವಿದ್ದಾರೆ. ಮೊದಲನೆಯವನು ಸರಿ ಇರುವುದನ್ನೇ ತಪ್ಪೆನ್ನುತ್ತಾನೆ. ಎರಡನೆಯವನು ವಾದಿಸಿ ಗೆಲ್ಲಬಹುದಾದ ಕಡೆ ಕೈಚೆಲ್ಲುತ್ತಾನೆ. ಸರಣಿಯ ಹಳೆಯ ನಾಯಕ ಲೂಕ್ ಸ್ಕೈವಾಕರ್ ಯಾಕೆ ಸಿಡುಕು ಮುದುಕನಾದ, ಕ್ಯಾಸಿನೋ ಪ್ರಸಂಗ ಬೇಕಿತ್ತೇ ಎಂಬುದೆಲ್ಲ ರುಚಿಯ ಪ್ರಶ್ನೆ, ಭೌತಶಾಸ್ತ್ರಕ್ಕೆ ಅಲ್ಲಿ ಕೆಲಸವಿಲ್ಲ. (ಕ್ಯಾಸಿನೋ ಭಾಗ ಎಳೆದಾಡಿತು ಎಂಬ ದೂರಿನಲ್ಲಿ ಹುರುಳಿದೆ, ಅಷ್ಟು ಸಾಕು.) ಲೆಕ್ಕಕ್ಕೆ ಸಿಗುವ ದೃಶ್ಯಗಳನ್ನಷ್ಟೇ ಹಿಡಿದರೆ ಒಂದು ವಿಚಿತ್ರ ಕಾಣುತ್ತದೆ. ಜನ ಅತಿ ಹೆಚ್ಚು ಗೇಲಿ ಮಾಡಿದ ದೃಶ್ಯಗಳೇ ವಿಜ್ಞಾನಕ್ಕೆ ಹತ್ತಿರ ಇವೆ. ಹೆಚ್ಚು ತಕರಾರಿಲ್ಲದೆ ನುಂಗಿಕೊಂಡದ್ದರಲ್ಲೇ ದೊಡ್ಡ ಮುಗ್ಗರಿಕೆ ಇದೆ.

ಬಾಂಬಿನಿಂದಲೇ ಶುರುಮಾಡೋಣ. ಆರಂಭದ ಕಾಳಗದಲ್ಲಿ ಕ್ರಾಂತಿಕಾರಿಗಳ ವಿಮಾನಗಳು ಶತ್ರು ಹಡಗಿನ ಮೇಲೆ ಬಾಂಬು ಸುರಿಸುತ್ತವೆ. ಅದು ನಡೆಯುವುದು ಒಂದು ಗ್ರಹದ ನೆತ್ತಿಯ ಮೇಲೆ. ಬಾಹ್ಯಾಕಾಶದಲ್ಲಿ ಗುರುತ್ವವೇ ಇಲ್ಲ ಎಂಬುದು ಶಾಲಾ ದಿನಗಳಿಂದ ಅಂಟಿಕೊಂಡು ಬಂದ ತಪ್ಪು ತಿಳಿವಳಿಕೆ. ಭೂಮಿಯಿಂದ 400 ಕಿಮೀ ಎತ್ತರದಲ್ಲಿ, ಅಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುತ್ತುವ ಕಡೆ, ಗುರುತ್ವ ವೇಗೋತ್ಕರ್ಷ 8.7 ಮೀ/ಸೆ² ಇರುತ್ತದೆ. ನೆಲದ ಮೇಲಿನ 9.8ಕ್ಕೆ ಹೋಲಿಸಿದರೆ ಅದು ಸುಮಾರು ಶೇ 89. ಅಲ್ಲಿನವರು ತೇಲುವುದಕ್ಕೆ ಕಾರಣ ಬೇರೆ. ಸೆಕೆಂಡಿಗೆ 7.7 ಕಿಮೀ ವೇಗದಲ್ಲಿ ಅಡ್ಡಲಾಗಿ ಓಡುತ್ತ ನಿಲ್ದಾಣವೂ ಅವರೂ ಒಟ್ಟಿಗೇ ಬೀಳುತ್ತಿರುತ್ತಾರೆ. ಎರಡೂ ಪಕ್ಷದ ಹಡಗುಗಳು ಹಾಗೆ ಸುತ್ತುತ್ತಿದ್ದರೆ, ಬಿಟ್ಟ ಬಾಂಬು ಬಿಟ್ಟಲ್ಲೇ ತೇಲುತ್ತದೆ, ನಿಜ. ಆದರೆ ಅವು ಸುತ್ತದೆ, ಎಂಜಿನ್ ಬಲದಿಂದ ಒಂದೇ ಕಡೆ ನಿಂತಿದ್ದರೆ? ಆಗ 500 ಮೀಟರ್ ಕೆಳಗಿನ ಗುರಿಗೆ ಬಾಂಬು ಬೀಳಲು ಹನ್ನೊಂದು ಸೆಕೆಂಡೂ ಬೇಡ.

ಗ್ರಹದ ಗುರುತ್ವ ಬೇಡವೆಂದರೂ ದಾರಿಯಿದೆ. ಈ ಕಥಾಲೋಕದ ಹಡಗುಗಳ ಒಳಗೆ ಕೃತಕ ಗುರುತ್ವವಿದೆ, ಎಲ್ಲರೂ ನೆಲದ ಮೇಲೆ ನೆಟ್ಟಗೆ ನಡೆಯುತ್ತಾರೆ. ಬಾಂಬು ಪೇರಿಸಿದ ಕಪಾಟು 10 ಮೀಟರ್ ಎತ್ತರ ಎಂದುಕೊಳ್ಳಿ. ಮೇಲಿನ ಅರೆಯಿಂದ ಜಾರಿದ್ದು ಬಾಗಿಲು ದಾಟುವಷ್ಟರಲ್ಲಿ ಸೆಕೆಂಡಿಗೆ 14 ಮೀಟರ್, ಅಂದರೆ ಗಂಟೆಗೆ 50 ಕಿಮೀ ವೇಗ ಪಡೆದಿರುತ್ತದೆ. ಹೊರಗೆ ತಡೆಯಲು ಗಾಳಿಯಿಲ್ಲ, ಹಾಗಾಗಿ ಅದೇ ವೇಗದಲ್ಲಿ ಮುಂದುವರಿಯುತ್ತದೆ. 500 ಮೀಟರಿಗೆ 36 ಸೆಕೆಂಡು ಹಿಡಿಯುತ್ತದೆ. ತೆರೆಯ ಮೇಲೆ ಕಾಣುವುದು ಇದಕ್ಕಿಂತ ಬಹಳ ಚುರುಕು. ಚಿತ್ರದ ಜೊತೆ ಬಂದ ಅಧಿಕೃತ ಸಚಿತ್ರ ಪುಸ್ತಕ ಅದಕ್ಕೂ ಸಮಜಾಯಿಷಿ ಕೊಟ್ಟಿದೆ: ಬಾಂಬುಗಳು ಬೀಳುವುದಿಲ್ಲ, ಕಪಾಟಿನ ವಿದ್ಯುತ್ಕಾಂತ ಫಲಕಗಳು ಅವನ್ನು ತಳ್ಳುತ್ತವೆ.

ತಳ್ಳಲಿ, ಆದರೆ ತಳ್ಳಿದ್ದಕ್ಕೆ ಲೆಕ್ಕ ಕೊಡಬೇಕು. ಐದು ಸೆಕೆಂಡಿನಲ್ಲಿ 500 ಮೀಟರ್ ಮುಟ್ಟಲು ಸೆಕೆಂಡಿಗೆ 100 ಮೀಟರ್ ವೇಗ ಬೇಕು. ಅದನ್ನು 10 ಮೀಟರ್ ಹಳಿಯಲ್ಲೇ ಪಡೆಯಬೇಕಾದರೆ ವೇಗೋತ್ಕರ್ಷ 500 ಮೀ/ಸೆ², ಅಂದರೆ ಸುಮಾರು 51 ಜಿ (ಒಂದು ಜಿ ಎಂದರೆ ನೆಲದ ಮೇಲಿನ ಗುರುತ್ವದಷ್ಟು). ಫಿರಂಗಿ ಗುಂಡಿನ ಫ್ಯೂಸುಗಳು ಸಾವಿರಾರು ಜಿ ತಡೆದುಕೊಳ್ಳುತ್ತವೆ, ಅಲ್ಲಿ ಅಡ್ಡಿಯಿಲ್ಲ. ಅಡ್ಡಿ ಇರುವುದು ನ್ಯೂಟನ್ನನ ಮೂರನೆಯ ನಿಯಮದಲ್ಲಿ. ತಲಾ 10 ಕಿಲೋದ ಸಾವಿರ ಬಾಂಬುಗಳನ್ನು ಆ ವೇಗದಲ್ಲಿ ಕೆಳಕ್ಕೆ ದಬ್ಬಿದರೆ 100 ಟನ್ನಿನ ವಿಮಾನ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ನೆಗೆಯಬೇಕು. ತೆರೆಯ ಮೇಲೆ ಅದು ಅಲ್ಲಾಡುವುದೂ ಇಲ್ಲ. ಬಾಂಬಿನ ದೃಶ್ಯದಲ್ಲಿ ತಪ್ಪು ಹುಡುಕುವವರು ಹಿಡಿಯಬೇಕಾದ ಎಳೆ ಇದು. ಇನ್ನೊಂದೂ ಇದೆ. ಗಾಳಿ ಇಲ್ಲದ ಕಡೆ ಬಾಂಬಿನ ವೇಗ ಇಳಿಯುವುದೇ ಇಲ್ಲ, ಅಂದಮೇಲೆ ಶತ್ರುವಿನ ತಲೆಯ ಮೇಲೇ ಹೋಗಿ ನಿಲ್ಲುವ ದರ್ದೇನು? ದೂರದಿಂದ ಎಸೆದು, ಗುರಿ ಸರಿದರೆ ದಿಕ್ಕು ತಿದ್ದಿಕೊಳ್ಳಲು ಒಂದು ಪುಟ್ಟ ಎಂಜಿನ್ ಅಂಟಿಸಿದರೆ ಆಯಿತು.

ಈಗ ಚಿತ್ರದ ಬೆನ್ನೆಲುಬಿಗೆ ಬರೋಣ. ಕ್ರಾಂತಿಕಾರಿಗಳ ಹಡಗುಗಳು ಮುಂದೆ, ಶತ್ರು ಹಿಂದೆ. ಇಂಧನ ಮುಗಿದ ಹಡಗು ನಿಧಾನವಾಗಿ ಹಿಂದಕ್ಕೆ ಸರಿದು ಗುಂಡಿಗೆ ಸಿಕ್ಕಿ ಚೂರಾಗುತ್ತದೆ. ಇಲ್ಲಿ ಅಭಿಮಾನಿಗಳ ದೂರು ಹೆಚ್ಚಾಗಿ ಯುದ್ಧತಂತ್ರದ್ದು: ಇನ್ನೊಂದು ಹಡಗು ಕರೆಸಿ ಎದುರಿನಿಂದ ಅಡ್ಡ ಹಾಕಬಾರದಿತ್ತೇ ಎಂದು. ಇಂಧನ ಮುಗಿದರೆ ವೇಗ ಯಾಕೆ ಕಡಿಮೆಯಾಗಬೇಕು ಎಂದು ಕೇಳಿದವರು ಕಡಿಮೆ.

ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಮುಗಿದ ಕಾರು ನಿಲ್ಲುವುದಕ್ಕೆ ಗಾಳಿಯ ತಡೆಯೂ ಚಕ್ರದ ಘರ್ಷಣೆಯೂ ಕಾರಣ. ಬಾಹ್ಯಾಕಾಶದಲ್ಲಿ ಎರಡೂ ಇಲ್ಲ. ಚಂದ್ರಯಾನ-3 ನೌಕೆ 2023ರ ಆಗಸ್ಟ್ 1ರಂದು ಎಂಜಿನ್ ಉರಿಸಿ ಭೂಕಕ್ಷೆ ಬಿಟ್ಟಿತು, 5ರಂದು ಮತ್ತೆ ಉರಿಸಿ ಚಂದ್ರನ ಕಕ್ಷೆಗೆ ಇಳಿಯಿತು. ನಡುವಿನ ಅಷ್ಟೂ ದಾರಿ ಬಹುಪಾಲು ಎಂಜಿನ್ ಆರಿಸಿಕೊಂಡೇ ಸಾಗಿದ್ದು. ವೇಗ ಬದಲಾದದ್ದು ಭೂಮಿ ಮತ್ತು ಚಂದ್ರನ ಸೆಳೆತದಿಂದಷ್ಟೆ.

ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ಸುತ್ತುತ್ತ ಒಂದೇ ಕಡೆ ನಿಂತಂತೆ ಕಾಣುವವನ್ನು, ಅಲ್ಲಿಂದ ನೋಡಿಕೊಳ್ಳುತ್ತಾರೆ. ಆ ಉಪಗ್ರಹಗಳಿಗೂ ಇಂಧನ ಬೇಕು, ಆದರೆ ಓಡುವುದಕ್ಕಲ್ಲ, ಜಾಗ ಬಿಟ್ಟು ಕದಲದಿರುವುದಕ್ಕೆ. ಸೂರ್ಯ ಚಂದ್ರರ ಎಳೆತದಿಂದ ಕಕ್ಷೆ ಓರೆಯಾಗುತ್ತ ಹೋಗುತ್ತದೆ. ಅದನ್ನು ಸರಿಪಡಿಸಲು ವರ್ಷಕ್ಕೆ ಸೆಕೆಂಡಿಗೆ ಸುಮಾರು 50 ಮೀಟರಿನಷ್ಟು ವೇಗ ಬದಲಾವಣೆ ಬೇಕು. ಇಂಧನ ತೀರಿದ ಉಪಗ್ರಹ ನಿಲ್ಲುವುದಿಲ್ಲ, ಬೀಳುವುದೂ ಇಲ್ಲ. ತನ್ನ ಜಾಗ ಬಿಟ್ಟು ಅಲೆಯತೊಡಗುತ್ತದೆ. ಭೂಮಿಯ ಸಮಭಾಜಕ ಪೂರ್ತಿ ದುಂಡಗಿಲ್ಲದ ಕಾರಣ ಅಲೆಮಾರಿ ಉಪಗ್ರಹಗಳನ್ನು ಎಳೆದುಕೊಳ್ಳುವ ಎರಡು ತಾಣಗಳು ಆ ಕಕ್ಷೆಯಲ್ಲಿವೆ. ಒಂದು 105 ಡಿಗ್ರಿ ಪಶ್ಚಿಮ ರೇಖಾಂಶದ ಹತ್ತಿರ, ಇನ್ನೊಂದು 75 ಡಿಗ್ರಿ ಪೂರ್ವದಲ್ಲಿ. ಮೈಸೂರು ಇರುವುದು 76.6 ಡಿಗ್ರಿಯಲ್ಲಿ, ಅಂದರೆ ನಮ್ಮಿಂದ ಬರೀ ಒಂದೂವರೆ ಡಿಗ್ರಿ ಆಚೆ. ಕೆಟ್ಟುಹೋದ ಎಷ್ಟೋ ಉಪಗ್ರಹಗಳು ಆ ರೇಖೆಯ ಆಚೀಚೆ ತೂಗಾಡುತ್ತಿವೆ.

ಚಿತ್ರವನ್ನು ಉಳಿಸಿಕೊಳ್ಳಲು ಒಂದೇ ದಾರಿ ಇದೆ: ಎರಡೂ ಕಡೆಯವರು ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಿದ್ದಾರೆ ಎನ್ನುವುದು. ಆಗ ಎಂಜಿನ್ ಆರಿದ ಹಡಗಿನ ವೇಗ ಇಳಿಯುವುದಿಲ್ಲ, ಉಳಿದವರದು ಏರುತ್ತದೆ. ಎಲ್ಲರೂ 1 ಜಿಯಲ್ಲಿ ಓಡುತ್ತಿದ್ದರೆ 20 ಕಿಮೀ ಹಿಂದಿದ್ದ ಶತ್ರು 64 ಸೆಕೆಂಡಿನಲ್ಲಿ ಬಂದು ಮುಟ್ಟುತ್ತಾನೆ. ದೃಶ್ಯ ಕಣ್ಣಿಗೆ ಕಾಣುವಂತೆಯೇ ಕೂಡಿಬಂತು. ಆದರೆ ಈ ರಿಯಾಯಿತಿಗೆ ತೆರಬೇಕಾದ ಬೆಲೆ ಭಾರಿ. ಬೆನ್ನಟ್ಟುವಿಕೆ ಹತ್ತು ಗಂಟೆ ನಡೆದರೂ ಸಾಕು, ವೇಗ ಸೆಕೆಂಡಿಗೆ 353 ಕಿಮೀ ಆಗುತ್ತದೆ. ಕ್ರಮಿಸಿದ ದೂರ 63 ಲಕ್ಷ ಕಿಮೀ ದಾಟಿ, ಭೂಮಿ–ಚಂದ್ರರ ಅಂತರದ ಹದಿನಾರು ಪಟ್ಟಿಗಿಂತ ಹೆಚ್ಚಾಗುತ್ತದೆ. ಇದಕ್ಕೆಷ್ಟು ಇಂಧನ? 1903ರಲ್ಲಿ ತ್ಸಿಯೊಲ್ಕೊವ್ಸ್ಕಿ ಪ್ರಕಟಿಸಿದ ರಾಕೆಟ್ ಸಮೀಕರಣದ ಪ್ರಕಾರ, ಬೇಕಾದ ವೇಗವನ್ನು ಎಂಜಿನ್ ಉಗುಳುವ ಹೊಗೆಯ ವೇಗದಿಂದ ಭಾಗಿಸಿ, ಬಂದದ್ದರ ಘಾತಕ್ಕೆ ಇ ಎಂಬ ಸಂಖ್ಯೆಯನ್ನು, ಅಂದರೆ 2.718 ಅನ್ನು, ಏರಿಸಬೇಕು. ಹೈಡ್ರೋಜನ್–ಆಕ್ಸಿಜನ್ ಎಂಜಿನ್ನಿನ ಹೊಗೆ ಸೆಕೆಂಡಿಗೆ ಸುಮಾರು 4.5 ಕಿಮೀ. 353 ಭಾಗಿಸು 4.5 ಅಂದರೆ 78. ಉತ್ತರ ಒಂದರ ಮುಂದೆ 34 ಸೊನ್ನೆ. ಒಂದು ಕಿಲೋ ಸಾಮಾನನ್ನು ಆ ವೇಗಕ್ಕೆ ಒಯ್ಯಲು ಸಾವಿರಾರು ಸೂರ್ಯರಷ್ಟು ಇಂಧನ! ಹೊಗೆ ಬೆಳಕಿನ ವೇಗದ ಹತ್ತಿರಕ್ಕೆ ಚಿಮ್ಮುವ ಬೇರೆ ಬಗೆಯ ಎಂಜಿನ್ನೇ ಅವರದು ಎನ್ನಬೇಕು. ಅಂಥದ್ದಿದ್ದರೆ ಅದರ ಹೊಗೆಯೇ ಹಿಂದೆ ಬರುವವನನ್ನು ಸುಟ್ಟುಹಾಕುವ ಆಯುಧ, ಬೇರೆ ಫಿರಂಗಿ ಯಾಕೆ?

ಕ್ರಾಂತಿಕಾರಿಗಳ ನಾಯಕಿ ಲಿಯಾ ನಿರ್ವಾತಕ್ಕೆ ಎಸೆಯಲ್ಪಟ್ಟೂ ದಿವ್ಯಶಕ್ತಿಯಿಂದ ಬದುಕಿ ಬರುವ ದೃಶ್ಯ ಗೇಲಿಗಳಲ್ಲೆಲ್ಲ ಅಗ್ರಗಣ್ಯ. ‘ಮೈ ಒಡೆದುಹೋಗಬೇಕಿತ್ತು’, ‘ಕ್ಷಣದಲ್ಲಿ ಹೆಪ್ಪುಗಟ್ಟಬೇಕಿತ್ತು’. ಎರಡೂ ಆಗುವುದಿಲ್ಲ. 1966ರ ಡಿಸೆಂಬರಿನಲ್ಲಿ ನಾಸಾದ ನಿರ್ವಾತ ಕೊಠಡಿಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರ ಉಡುಪಿಗೆ ಗಾಳಿ ತುಂಬುತ್ತಿದ್ದ ಕೊಳವೆ ಕಳಚಿತು. ಸುಮಾರು 14 ಸೆಕೆಂಡಿಗೆ ಅವರ ಪ್ರಜ್ಞೆ ತಪ್ಪಿತು. ಅದಕ್ಕೆ ಮೊದಲು ನಾಲಿಗೆಯ ಮೇಲಿನ ಎಂಜಲು ಕುದಿದಂತೆ ಗುಳುಗುಳು ಅಂದದ್ದು ಅವರಿಗೆ ನೆನಪಿತ್ತು. ಕೂಡಲೇ ಗಾಳಿ ತುಂಬಿದ್ದರಿಂದ ಬದುಕಿ ಎದ್ದರು. ತಡವಾದರೆ ಏನಾಗುತ್ತದೆ ಎಂಬುದಕ್ಕೆ 1971ರ ಜೂನ್ 30ರಂದು ಸೋವಿಯತ್ ನೌಕೆ ಸೊಯುಜ್-11ರಲ್ಲಿ ನಡೆದದ್ದೇ ಸಾಕ್ಷಿ: ಕವಾಟ ತೆರೆದುಕೊಂಡು ಮೂವರು ಗಗನಯಾತ್ರಿಗಳು ಸತ್ತರು.

ಚಳಿಯ ಲೆಕ್ಕವೂ ಸರಳ. ನಿರ್ವಾತದಲ್ಲಿ ಶಾಖ ಹೋಗುವುದು ಮುಖ್ಯವಾಗಿ ವಿಕಿರಣದಿಂದ, ಇಡೀ ಮೈಯಿಂದ ಹೆಚ್ಚೆಂದರೆ 850 ವಾಟ್. 70 ಕಿಲೋದ ಮೈ ಆ ದರದಲ್ಲಿ ಒಂದು ಡಿಗ್ರಿ ತಣ್ಣಗಾಗಲು ಸುಮಾರು ಐದು ನಿಮಿಷ ಬೇಕು. ಕಣ್ಣು, ಬಾಯಿಯ ತೇವ ಮಾತ್ರ ಬೇಗ ಆವಿಯಾಗಿ ತಣಿಯುತ್ತದೆ. ಅವಳ ಮುಖದ ಮೇಲಿನ ಮಂಜುಹರಳು ಅತಿಶಯೋಕ್ತಿಯೇ ಹೊರತು ಪೂರ್ತಿ ಸುಳ್ಳಲ್ಲ. ನಿಜಕ್ಕೂ ಕೊಲ್ಲುವ ತಪ್ಪೆಂದರೆ ಉಸಿರು ಬಿಗಿಹಿಡಿಯುವುದು. ಹಿಗ್ಗುವ ಗಾಳಿ ಶ್ವಾಸಕೋಶವನ್ನೇ ಹರಿಯುತ್ತದೆ, ಆದ್ದರಿಂದ ಬಾಯಿ ತೆರೆದು ಉಸಿರು ಹೊರಬಿಡಬೇಕು.

ನಿಜವಾದ ಮುಗ್ಗರಿಕೆ ಅವಳನ್ನು ಒಳಗೆ ಕರೆದುಕೊಳ್ಳುವ ಬಾಗಿಲಿನದು. ಹೊರಗೆ ನಿರ್ವಾತ, ಒಳಗೆ ಗಾಳಿ. ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲಿನ ಮೇಲೆ ಬೀಳುವ ಒತ್ತಡ 20 ಟನ್ ತೂಕಕ್ಕೆ ಸಮ. ಅದನ್ನು ಸುಮ್ಮನೆ ತೆರೆದರೆ ಒಳಗಿದ್ದವರೆಲ್ಲ ಲಿಯಾಳ ದಾರಿಯನ್ನೇ ಹಿಡಿಯಬೇಕು, ಅದೂ ಯಾವ ದಿವ್ಯಶಕ್ತಿಯೂ ಇಲ್ಲದೆ. ಎರಡು ಬಾಗಿಲಿನ ನಡುಕೋಣೆ ಇರಲೇಬೇಕು.

ಬೆನ್ನಟ್ಟುವಾಗ ಶತ್ರು ಹಾರಿಸುವ ಫಿರಂಗಿ ಬೆಳಕು ಕಮಾನಿನಂತೆ ಬಾಗಿ ಹೋಗುವುದಕ್ಕೆ ಸಮರ್ಥನೆಯೇ ಇಲ್ಲ, ಬಿಟ್ಟುಬಿಡಿ. ಇನ್ನು ಈ ಚಿತ್ರಕ್ಕೆ ಹೋಲಿಸಿ ಹೊಗಳುವ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಏನು ಕಡಿಮೆಯೇ? ಅದರ ಕ್ಷುದ್ರಗ್ರಹಗಳ ನೂಕುನುಗ್ಗಲನ್ನು ಯಾರೂ ತಪ್ಪೆನ್ನುವುದಿಲ್ಲ. ನಮ್ಮ ಸೌರಮಂಡಲದಲ್ಲಿ ಮಂಗಳ–ಗುರುಗಳ ನಡುವೆ ಕ್ಷುದ್ರಗ್ರಹಗಳು ಸುತ್ತುವ ಪಟ್ಟಿಯಲ್ಲಿ ಒಂದು ಕಿಮೀಗಿಂತ ದೊಡ್ಡವುಗಳ ನಡುವಿನ ಸರಾಸರಿ ಅಂತರ ಸುಮಾರು ಹತ್ತು ಲಕ್ಷ ಕಿಮೀ. 1972ರಲ್ಲಿ ಪಯೊನೀರ್-10 ಮೊದಲು ಆ ಪಟ್ಟಿಯನ್ನು ಹೊಕ್ಕಿತು. ಅದೂ, ನಂತರ ಹೋದ ನೌಕೆಗಳೂ ಯಾವುದಕ್ಕೂ ಢಿಕ್ಕಿ ಹೊಡೆಯದೆ ದಾಟಿದವು.

ಕೊನೆಗೆ ದೊಡ್ಡ ಜಗಳ: ಕ್ರಾಂತಿಕಾರಿಗಳ ದಳಪತಿ ಹೋಲ್ಡೋ ತನ್ನ 3.4 ಕಿಮೀ ಉದ್ದದ ಹಡಗನ್ನು ಶತ್ರುವಿನ 60 ಕಿಮೀ ಅಗಲದ ಹಡಗಿಗೆ ನುಗ್ಗಿಸುವ ದೃಶ್ಯ. ವೇಗವೆಷ್ಟೆಂದು ಚಿತ್ರ ಹೇಳುವುದಿಲ್ಲ. ಬೆಳಕಿನ ವೇಗದ ಶೇ 10 ಮಾತ್ರ ಎಂದು ಉದಾರವಾಗಿ ಹಿಡಿಯೋಣ. ಅಲ್ಲಿ ಐನ್‌ಸ್ಟೈನ್ ತಿದ್ದುಪಡಿ ಶೇ 1ಕ್ಕಿಂತ ಕಡಿಮೆ, ಹೈಸ್ಕೂಲಿನ ಸೂತ್ರವೇ ಸಾಕು. ಇಡೀ ಹಡಗು ಬೇಡ, ಮಂಡ್ಯದ ಒಂದು ಕಿಲೋ ಅಚ್ಚುಬೆಲ್ಲ ಆ ವೇಗದಲ್ಲಿ ಬಂದರೆ ಅದರ ಚಲನಶಕ್ತಿ ಹಿರೋಷಿಮಾದ ಏಳು ಬಾಂಬುಗಳಷ್ಟು. ಕನ್ನಂಬಾಡಿಗೆ 124.80 ಅಡಿ ತುಂಬಿದಾಗ ನಿಲ್ಲುವ 49.45 ಟಿಎಂಸಿ ನೀರನ್ನು ಒಂದೇ ಸಲಕ್ಕೆ 108 ಅಡಿ ಎತ್ತರದಿಂದ ಸುರಿದರೆ ಬಿಡುಗಡೆಯಾಗುವ ಶಕ್ತಿಯೂ ಅಷ್ಟೇ.

ಅಷ್ಟು ವೇಗದಲ್ಲಿ ಬರುವ ಒಂದೊಂದು ಕಬ್ಬಿಣದ ಪರಮಾಣುವಿನ ಶಕ್ತಿ 26 ಕೋಟಿ ಎಲೆಕ್ಟ್ರಾನ್ ವೋಲ್ಟ್. ಅದನ್ನು ಲೋಹದ ಪಕ್ಕದ ಪರಮಾಣುಗಳಿಗೆ ಕಟ್ಟಿಹಾಕಿದ ಬಂಧ ನಾಲ್ಕೈದು ಎಲೆಕ್ಟ್ರಾನ್ ವೋಲ್ಟಿನದು. ಹೀಗಿರುವಾಗ ಉಕ್ಕು, ರಕ್ಷಾಕವಚ ಎಂಬ ಮಾತಿಗೆ ಅರ್ಥವಿಲ್ಲ, ತಗಲಿದ ಕಡೆಯೆಲ್ಲ ಪ್ಲಾಸ್ಮಾ. ತೆರೆಯ ಮೇಲೆ ಕಂಡಂತೆ ಚಾಕು ಹಾಕಿ ಸೀಳಿದ ಹಾಗೆ ನೀಟಾಗಿ ಎರಡು ಹೋಳಾಗುವುದಿಲ್ಲ. ನಮಗೆ ಕಾಣುವುದೂ ಇಲ್ಲ. ಸಿನಿಮಾದ ಒಂದು ಫ್ರೇಮ್ ಅಂದರೆ ಸೆಕೆಂಡಿನ 24ನೇ ಒಂದು ಭಾಗ. ಅಷ್ಟರಲ್ಲಿ ಹಡಗು 1,250 ಕಿಮೀ ಹೋಗಿರುತ್ತದೆ.

ಇಲ್ಲಿ ನಿರ್ದೇಶಕ ರಯನ್ ಜಾನ್ಸನ್ ಮಾಡಿದ ಒಂದು ಕೆಲಸ ನೂರಕ್ಕೆ ನೂರು ಸರಿ: ಶಬ್ದವನ್ನೇ ತೆಗೆದುಹಾಕಿದ್ದು. ನಿರ್ವಾತದಲ್ಲಿ ಸ್ಫೋಟಕ್ಕೆ ಸದ್ದಿಲ್ಲ. ಇಡೀ ಚಿತ್ರದಲ್ಲಿ ಇಷ್ಟು ನಿಷ್ಠೆಯ ಕ್ಷಣ ಇನ್ನೊಂದಿಲ್ಲ, ಆದರೆ ಥಿಯೇಟರಿನ ಸ್ಪೀಕರ್ ಕೈಕೊಟ್ಟಿತೆಂದು ದೂರಿದವರಿದ್ದರು. ಅಮೆರಿಕದ ಕೆಲವು ಚಿತ್ರಮಂದಿರಗಳು ‘ಇದು ಬೇಕೆಂದೇ ಮಾಡಿದ್ದು’ ಎಂದು ಫಲಕ ಹಾಕಬೇಕಾಯಿತು.

ಆದರೆ ಹಳೆಯ ಅಭಿಮಾನಿಗಳ ಮುಖ್ಯ ಆಕ್ಷೇಪ ಗಟ್ಟಿಯಾದದ್ದು: ಇಷ್ಟು ಅಗ್ಗದ ಆಯುಧವಿದ್ದರೆ ಹಿಂದಿನ ಏಳು ಕಂತುಗಳಲ್ಲಿ ಯಾಕೆ ಯಾರೂ ಬಳಸಲಿಲ್ಲ? ಒಂದು ಬಂಡೆಗೆ ಎಂಜಿನ್ ಕಟ್ಟಿ ಬಿಟ್ಟರೆ ಸಾಕಲ್ಲ? 2019ರ ಮುಂದಿನ ಕಂತು ಇದಕ್ಕೆ ಒಂದು ಸಾಲಿನಲ್ಲಿ ತೇಪೆ ಹಾಕಿತು. ಆ ಪಟ್ಟು ಫಲಿಸುವುದು ಹತ್ತು ಲಕ್ಷಕ್ಕೊಮ್ಮೆ ಎಂದು ಪಾತ್ರವೊಂದರ ಬಾಯಲ್ಲಿ ಹೇಳಿಸಿತು. ತೇಪೆ ನಿಲ್ಲುವುದಿಲ್ಲ. ಒಂದೊಂದು ಪ್ರಯತ್ನಕ್ಕೆ ಹತ್ತು ಲಕ್ಷದಲ್ಲಿ ಒಂದು ಸಾಧ್ಯತೆ ಇದ್ದರೆ, 6,93,000 ಬಂಡೆ ಬಿಟ್ಟಾಗ ಒಂದಾದರೂ ತಗಲುವ ಸಾಧ್ಯತೆ ಶೇ 50, ಹತ್ತು ಲಕ್ಷ ಬಿಟ್ಟರೆ ಶೇ 63. ಬಂಡೆಯ ಮೇಲೆ ಮನುಷ್ಯ ಕೂರಬೇಕಿಲ್ಲ, ಆ ಲೋಕದಲ್ಲಿ ರೋಬೋಟುಗಳಿಗೇನು ಬರವೇ? 60 ಕಿಮೀ ಅಗಲದ ಹಡಗು ಕಟ್ಟಬಲ್ಲವರಿಗೆ ಏಳು ಲಕ್ಷ ಎಂಜಿನ್ ಹೆಚ್ಚಲ್ಲ.